ರಕ್ತ ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕರಿಗೆ ಏನು ಕೆಲಸ?

ಪ್ರಶ್ನೆ: ನಾನು ಜೀವವಿಜ್ಞಾನದಲ್ಲಿ ಪದವಿ ಮುಗಿಸಿದ್ದೇನೆ. ರಕ್ತ ಕ್ಯಾನ್ಸರ್ ಕುರಿತ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಸಹಾಯಕ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಅಲ್ಲಿ ನಿಜವಾದ ಸಂಶೋಧನೆಗೆ ಅವಕಾಶ ಇರುತ್ತದೆಯೇ, ಇಲ್ಲವೇ ಹೇಳಿದ್ದನ್ನು ಮಾಡಿಕೊಂಡಿರುವುದಷ್ಟೇ ಕೆಲಸವೇ?

ಉತ್ತರ: ಯಾವ ಪ್ರಶ್ನೆಯ ಬೆನ್ನು ಹತ್ತಬೇಕು ಎಂಬುದನ್ನು ಸಾಮಾನ್ಯವಾಗಿ ಪ್ರಯೋಗಾಲಯದ ಮುಖ್ಯಸ್ಥರು ನಿರ್ಧರಿಸುತ್ತಾರೆ. ಸಿಕ್ಕ ಉತ್ತರ ನಂಬುವಂಥದ್ದೋ ಅಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ಸಹಾಯಕರ ಕೈಯಲ್ಲಿರುತ್ತದೆ.

ರೋಗಿಯ ರಕ್ತದ ಮಾದರಿ ಬರುವ ಗಳಿಗೆಯಿಂದಲೇ ಇದು ಶುರುವಾಗುತ್ತದೆ. ನೇರಳೆ ಮುಚ್ಚಳದ ಕೊಳವೆಯ ಮೇಲೆ ರೋಗಿಯ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ ಇರುತ್ತದೆ. ಒಳಗಿರುವ ಜೀವಕೋಶಗಳು ದೇಹದಿಂದ ಹೊರಬಿದ್ದ ಹೊತ್ತಿನಿಂದಲೇ ಸೊರಗತೊಡಗಿರುವುದರಿಂದ, ಮಾದರಿ ಸಂಜೆ ಬಂದರೂ ಅದನ್ನು ನಾಳೆಗೆಂದು ಎತ್ತಿಡುವಂತಿಲ್ಲ. ರಕ್ತವನ್ನು ತೆಳುವಾಗಿಸಿ, ಪ್ರತಿ ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ ದ್ರವದ ಮೇಲೆ, ಎರಡೂ ಬೆರೆಯದಂತೆ, ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಬಿಡಬೇಕು. ಸೆಂಟ್ರಿಫ್ಯೂಜ್‌ನಲ್ಲಿ ಗುರುತ್ವದ 400 ಪಟ್ಟು ಬಲದಲ್ಲಿ ಸುಮಾರು 30 ನಿಮಿಷ ತಿರುಗಿಸಿದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುತ್ತವೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲಾಸ್ಮಾ ಮತ್ತು ಫೈಕಾಲ್ ಕೂಡುವ ಕಡೆ ತೆಳು ಮಂಜಿನಂಥ ಬಿಳಿ ಪದರವೊಂದು ಕಾಣಿಸುತ್ತದೆ. ತೀವ್ರ ಲ್ಯುಕೇಮಿಯಾದ, ಅಂದರೆ ವೇಗವಾಗಿ ಬೆಳೆಯುವ ರಕ್ತ ಕ್ಯಾನ್ಸರಿನ, ಕೋಶಗಳು ಬಂದು ಸೇರುವುದು ಅಲ್ಲಿಯೇ. ಯಂತ್ರ ನಿಲ್ಲುವಾಗ ಅದರ ಬ್ರೇಕ್ ಕೆಲಸ ಮಾಡದಂತೆ ಮೊದಲೇ ನೋಡಿಕೊಳ್ಳಬೇಕು. ಕಲಿಯುವ ದಿನಗಳಲ್ಲಿ ನಾನೊಮ್ಮೆ ಇದನ್ನು ಮರೆತೆ. ಮುಚ್ಚಳ ತೆರೆದಾಗ ಪದರವೆಲ್ಲ ಕಲಕಿಹೋಗಿತ್ತು. ಅದೇ ರೋಗಿಯಿಂದ, ಚಿಕಿತ್ಸೆಗೆ ಮುಂಚಿನ ಅದೇ ದಿನದ ರಕ್ತವನ್ನು ಮತ್ತೊಮ್ಮೆ ಕೇಳುವುದು ಸಾಧ್ಯವಿರಲಿಲ್ಲ.

ಬೇರ್ಪಡಿಸಿದ ಕೋಶಗಳನ್ನು, ಹೆಪ್ಪುಗಟ್ಟುವಾಗ ಅವುಗಳನ್ನು ಕಾಪಾಡುವ ಡಿಎಂಎಸ್‌ಒ ಎಂಬ ರಾಸಾಯನಿಕ ಶೇ. 10ರಷ್ಟು ಬೆರೆತ ದ್ರವದಲ್ಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ಕೊನೆಗೆ ದ್ರವ ಸಾರಜನಕದ ಸಂಗ್ರಹಕ್ಕೆ ಸೇರಿಸಲಾಗುತ್ತದೆ. ಹೆಪ್ಪುಗಟ್ಟಿಸುವಾಗ ಎಷ್ಟು ನಿಧಾನ ಬೇಕೋ, ಮುಂದೆ ಕರಗಿಸುವಾಗ ಅಷ್ಟೇ ಚುರುಕು ಬೇಕು.

ಸದಾ ಬೆಳೆಯುತ್ತಲೇ ಇರುವ ಕೋಶಸಾಲುಗಳನ್ನು ಸಾಕುವುದು ಇನ್ನೊಂದು ಬಗೆಯ ಕೆಲಸ. 1970ರ ದಶಕದಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ರೋಗಿಯೊಬ್ಬರಿಂದ ಪಡೆದ ಕೆ562 ಕೋಶಗಳು ಇಂದಿಗೂ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಗಳಲ್ಲಿ ಬೆಳೆಯುತ್ತಿವೆ. ಕೆಂಪಗಿದ್ದ ಪೋಷಕ ದ್ರವ ಹಳದಿಗೆ ತಿರುಗಿದರೆ ಅವು ಕಿಕ್ಕಿರಿದಿವೆ ಎಂದರ್ಥ, ಆಗ ಅವುಗಳನ್ನು ಬಿಡಿಸಿ ಹಂಚಬೇಕು. ಭಾನುವಾರವೆಂದು ಅವು ಬಿಡುವು ಕೊಡುವುದಿಲ್ಲ. ಇಲ್ಲಿನ ದೊಡ್ಡ ಕಂಟಕ ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಬೇರೆ ಬ್ಯಾಕ್ಟೀರಿಯಾ ನುಗ್ಗಿದರೆ ದ್ರವ ಕದಡಿ ಗುಟ್ಟು ರಟ್ಟಾಗುತ್ತದೆ, ಆದರೆ ಮೈಕೊಪ್ಲಾಸ್ಮಾ ಸೇರಿಕೊಂಡರೆ ದ್ರವ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಕೋಶಭಿತ್ತಿಯೇ ಇಲ್ಲದ ಕಾರಣ ಪೆನಿಸಿಲಿನ್ ನಾಟುವುದಿಲ್ಲ. ಸದ್ದಿಲ್ಲದೆ ಕೋಶಗಳ ನಡವಳಿಕೆಯನ್ನೇ ಬದಲಿಸಿಬಿಡುವುದರಿಂದ, ಹೊಸ ಔಷಧದ ಪರಿಣಾಮವೆಂದು ನೀವು ಬರೆದುಕೊಂಡದ್ದು ಅದರ ಕಿತಾಪತಿಯೂ ಆಗಿರಬಹುದು.

ಇದನ್ನೆಲ್ಲ ಕೈಕೆಲಸವೆಂದು ಕಡೆಗಣಿಸುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಂಶೋಧಕ ಪೀಟರ್ ನೋವೆಲ್ ಅವರು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲಿದ್ದ ಲ್ಯುಕೇಮಿಯಾ ಕೋಶಗಳನ್ನು ನಲ್ಲಿ ನೀರಿನಲ್ಲಿ ತೊಳೆದಾಗ ಅವು ಉಬ್ಬಿ, ಒಳಗಿನ ವರ್ಣತಂತುಗಳು ಹರಡಿಕೊಂಡು ಕಣ್ಣಿಗೆ ಬಿದ್ದವು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಹಂಗರ್‌ಫರ್ಡ್ ಜೊತೆ ಸೇರಿ, ಅವುಗಳಲ್ಲೊಂದು ಅಸಹಜವಾಗಿ ಗಿಡ್ಡವಿದೆಯೆಂದು ಅವರು 1960ರಲ್ಲಿ ಪ್ರಕಟಿಸಿದರು. ಅದು 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾದ ಫಲವೆಂದು ತಳಿವಿಜ್ಞಾನಿ ಜ್ಯಾನೆಟ್ ರೌಲಿ 1973ರಲ್ಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು. ಈ ನಲವತ್ತು ವರ್ಷಗಳ ಸರಪಳಿಯ ಮೊದಲ ಕೊಂಡಿ ಗಾಜಿನ ಪಟ್ಟಿಯೊಂದನ್ನು ತಯಾರಿಸಿದ ರೀತಿ ಮತ್ತು ಅದರಲ್ಲಿ ಕಂಡದ್ದನ್ನು ತಳ್ಳಿಹಾಕದ ಕಣ್ಣು. ನಿಮ್ಮ ಮೇಜಿನ ಮೇಲೂ ಅಂಥ ಪಟ್ಟಿಗಳು ದಿನವೂ ಬರುತ್ತವೆ; ವಿಚಿತ್ರವೆನಿಸಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದಿಡುವುದೂ ನಿಮ್ಮ ಕೆಲಸವೇ.

ಹಾಗಿದ್ದರೂ ಎಲ್ಲ ಪ್ರಯೋಗಾಲಯಗಳೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ವಾರದ ಫಲಿತಾಂಶಗಳ ಚರ್ಚೆಯಲ್ಲಿ ಸಹಾಯಕರೂ ಕೂರುತ್ತಾರೆಯೇ, ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದುಂಟೇ ಎಂದು ವಿಚಾರಿಸಿ. ಜೊತೆಗೆ ಮೈಕೊಪ್ಲಾಸ್ಮಾ ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ ಎಂದೂ ಕೇಳಿ. ಈ ಕೊನೆಯ ಪ್ರಶ್ನೆಗೆ ತಡವರಿಸುವ ಪ್ರಯೋಗಾಲಯವಾದರೆ ನಾನು ಬೇರೆ ಕಡೆ ಅರ್ಜಿ ಹಾಕುತ್ತಿದ್ದೆ.