ಆವಿಗೆ, ಅಡುಗೆ, ಬಿಸ್ಕೆಟ್: ಮಡಕೆ ಮಾತುಗಳ ಮೂಲ

ಮಡಕೆ ಸುಡುವ ಗೂಡಿಗೆ ಆವಿಗೆ ಎಂದು ಹೆಸರು. ಆವಗೆ, ಆವೆ ಎಂಬ ರೂಪಗಳೂ ಇವೆ. ಪದ ಕಿವಿಗೆ ಬಿದ್ದ ಕೂಡಲೇ ಇದು 'ಆವಿ'ಯಿಂದ ಹುಟ್ಟಿರಬೇಕು ಅನ್ನಿಸುತ್ತದೆ. ಅನ್ನಿಸುವುದಕ್ಕೆ ಕಾರಣವೂ ಇದೆ: ಬೆಂಕಿ ಹಚ್ಚಿದ ಮೊದಲ ಗಂಟೆಗಳಲ್ಲಿ ಗೂಡಿನಿಂದ ಏಳುವ ಬೆಳ್ಳನೆಯ ಹೊಗೆಯಲ್ಲಿ ನೀರಾವಿಯ ಪಾಲೇ ಹೆಚ್ಚು. ಆದರೂ ಎರಡಕ್ಕೂ ನಂಟಿಲ್ಲ. ಆವಿ ದ್ರಾವಿಡ ಪದ, ತಮಿಳಿನಲ್ಲೂ ಅದು ಆವಿಯೇ. ಆವಿಗೆ ಮಾತ್ರ ಸಂಸ್ಕೃತದ 'ಆಪಾಕ'ದ ತದ್ಭವ. ಪ್ರಾಕೃತದ ಬಾಯಲ್ಲಿ ಸ್ವರಗಳ ನಡುವಿನ ಪಕಾರ ವಕಾರವಾಯಿತು, ಕಕಾರ ಗಕಾರವಾಗಿ ಮೆದುವಾಯಿತು, 'ಆವಾಗ' ಉಳಿಯಿತು. ಅಲ್ಲಿಂದ ಕನ್ನಡದ ಆವಗೆ, ಆವಿಗೆ. ಮರಾಠಿ, ಹಿಂದಿಗಳ 'ಆವಾ' ಕೂಡ ಇದರ ಒಡಹುಟ್ಟು.

ಆಪಾಕದೊಳಗೆ ಕೂತಿರುವುದು 'ಪಾಕ', ಅಂದರೆ ಅಡುಗೆ. 'ಪಚ್' ಎಂದರೆ ಬೇಯಿಸು. ಹಾಗಾಗಿ ಆವಿಗೆ ಎಂದರೆ ಬೇಯಿಸುವ ಜಾಗ. ಈ ಪಚ್ ಧಾತುವಿನ ದಾಯಾದಿ ಲ್ಯಾಟಿನ್ ಭಾಷೆಯಲ್ಲಿ 'ಕೊಕ್ವೆರೆ' ಆಗಿದೆ. ಅದಕ್ಕೂ ಬೇಯಿಸುವುದೆಂದೇ ಅರ್ಥ. ನೋಡಲು ಬೇರೆ ಬೇರೆ ಪದಗಳಂತೆ ಕಂಡರೂ ಎರಡರ ಮೂಲ ಒಂದೇ. ಅದರಿಂದಲೇ ಇಟಾಲಿಯನ್ನಿನ 'ಟೆರಾಕೋಟಾ' ಬಂತು. ಟೆರಾ ಎಂದರೆ ಮಣ್ಣು, ಕೋಟಾ ಎಂದರೆ ಬೆಂದದ್ದು. ಅಂದರೆ ನಮ್ಮ ಆವಿಗೆಯ ಬಾಲ, ಟೆರಾಕೋಟಾದ ಬಾಲ, ಕುಕ್ಕರಿನ ತಲೆ ಮೂರೂ ಒಂದೇ ವಂಶದವು. ಇಂಗ್ಲಿಷಿನಲ್ಲಿ ಆವಿಗೆಗಿರುವ 'ಕಿಲ್ನ್' ಇನ್ನೊಂದು ಬಾಗಿಲಿನಿಂದ ಅದೇ ಅಡುಗೆಮನೆಗೆ ಬಂದಿದೆ: ಅದು ಲ್ಯಾಟಿನ್ 'ಕುಲೀನಾ' ಪದದಿಂದ ಬಂದದ್ದು, ಕುಲೀನಾ ಎಂದರೆ ಅಡುಗೆಮನೆ. ಸಂಸ್ಕೃತದ ಹಂಗಿಲ್ಲದೆಯೂ ಕನ್ನಡ ಇದನ್ನೇ ಹೇಳುತ್ತದೆ. ಸರಿಯಾಗಿ ಸುಡದ ಗಡಿಗೆಯನ್ನು 'ಬೆಂದಿಲ್ಲ' ಎನ್ನುತ್ತೇವೆ.

ಇದು ಬರೀ ಹೋಲಿಕೆಯ ಮಾತಲ್ಲ. ಬೇಯುವುದೆಂದರೆ ಹಿಂತಿರುಗಲಾಗದಂತೆ ಬದಲಾಗುವುದು. ಬೆಂದ ಅಕ್ಕಿ ಮತ್ತೆ ಅಕ್ಕಿಯಾಗದು, ಬೆಂದ ಮಣ್ಣು ಮತ್ತೆ ಕೆಸರಾಗದು. ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸಿದರೂ ಹಸಿ ಮಡಕೆಯನ್ನು ನೀರಿಗೆ ಹಾಕಿದರೆ ಕರಗುತ್ತದೆ, ಏಕೆಂದರೆ ಆಗ ಹೋಗಿರುವುದು ಕಣಗಳ ನಡುವಿನ ನೀರು ಮಾತ್ರ. ಜೇಡಿಮಣ್ಣಿನ ಮುಖ್ಯ ಖನಿಜಗಳಲ್ಲೊಂದಾದ ಕಯೊಲಿನೈಟಿನ ಹರಳಿನೊಳಗೆ ತೂಕದ ಸುಮಾರು ಶೇ. 14ರಷ್ಟು ನೀರಿನಂಶ ರಾಸಾಯನಿಕವಾಗಿ ಸೇರಿಕೊಂಡಿರುತ್ತದೆ. ಸರಿಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಬಿಟ್ಟುಹೋಗಿ ಹರಳಿನ ಕಟ್ಟಡವೇ ಕುಸಿಯುತ್ತದೆ. ಮಣ್ಣು ಬೆಂದಿತು ಎನ್ನುವುದು ಇದಾದ ಮೇಲೆ. ಬೆರಳಿನಿಂದ ತಟ್ಟಿದರೆ ಗೊತ್ತಾಗುತ್ತದೆ: ಬೆಂದದ್ದು ಟಣ್ಣೆನ್ನುತ್ತದೆ, ಬೇಯದ್ದು ದಬ್ಬೆನ್ನುತ್ತದೆ. ಬಿರುಕು ಬಿಟ್ಟದ್ದೂ ದಬ್ಬೆನ್ನುತ್ತದೆ, ಆದ್ದರಿಂದ ಕಿವಿಯ ತೀರ್ಪಿನ ಜೊತೆ ಕಣ್ಣಿನ ತೀರ್ಪೂ ಬೇಕು.

ಆವಿಯ ವಿಷಯ ಪೂರ್ತಿ ಬಿಡುವಂತಿಲ್ಲ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಪೂರ್ತಿ ಒಣಗದ ಮಡಕೆಯ ದಪ್ಪ ತಳದಲ್ಲಿ ತೇವ ಉಳಿದಿದ್ದು ಬೆಂಕಿ ಒಮ್ಮೆಲೇ ಏರಿದರೆ, ಆವಿ ಹೊರಬರಲು ದಾರಿಯಿಲ್ಲದೆ ಮಡಕೆ ಸಿಡಿಯುತ್ತದೆ, ಪಕ್ಕದವನ್ನೂ ಒಡೆಯುತ್ತದೆ. ಅದಕ್ಕೇ ಮೊದಮೊದಲು ಉರಿ ಸಣ್ಣಗಿರಬೇಕು. ಆವಿಗೆಯನ್ನು ಆವಿಗೆ ಗಂಟುಹಾಕಿದ ಜನರ ಊಹೆ ನಿಘಂಟಿನ ಲೆಕ್ಕದಲ್ಲಿ ತಪ್ಪು, ಕೆಲಸದ ಲೆಕ್ಕದಲ್ಲಿ ಅಷ್ಟೇನೂ ತಪ್ಪಲ್ಲ.

ಅಡುಗೆಮನೆಯಿಂದ ಬಂದ ಇನ್ನೊಂದು ಪದ ಸ್ವಲ್ಪ ದಾರಿ ತಪ್ಪಿದೆ. ಮೆರುಗು, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚುವ ಮೊದಲು ಒಮ್ಮೆ ಸುಟ್ಟ ಪಾತ್ರೆಯನ್ನು ಸಿರಾಮಿಕ್ ಕೆಲಸದವರು ಬಿಸ್ಕೆಟ್ ಅಥವಾ ಬಿಸ್ಕ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ 'ಬಿಸ್' ಎಂದರೆ ಎರಡು ಸಲ, 'ಕೊಕ್ಟುಸ್' ಎಂದರೆ ಬೆಂದದ್ದು. ತಿನ್ನುವ ಬಿಸ್ಕೆಟಿಗೆ ಈ ಹೆಸರು ಸಲ್ಲುತ್ತದೆ, ಅದನ್ನು ಹಿಂದೆ ನಿಜಕ್ಕೂ ಎರಡು ಸಲ ಬೇಯಿಸುತ್ತಿದ್ದರು. ಮಡಕೆಯ ಬಿಸ್ಕೆಟ್ ಬೆಂದಿರುವುದು ಒಂದೇ ಸಲ! ಒಣಗಿ, ಗರಿಗರಿಯಾಗಿ, ನೀರು ಹೀರುವ ಗುಣದಲ್ಲಷ್ಟೇ ಎರಡಕ್ಕೂ ಸಾಮ್ಯ. ಆ ಹೀರುವ ಗುಣವೇ ಇಲ್ಲಿ ಮುಖ್ಯ. ಸಾಮಾನ್ಯವಾಗಿ 950ರಿಂದ 1,000 ಡಿಗ್ರಿಯವರೆಗೆ ಸುಟ್ಟ ಬಿಸ್ಕೆಟನ್ನು ಮೆರುಗಿನ ಪುಡಿ ಕಲಸಿದ ನೀರಿನಲ್ಲಿ ಅದ್ದಿದರೆ ಅದು ನೀರನ್ನು ಹೀರಿಕೊಂಡು ಪುಡಿಯ ಪದರವನ್ನು ಮೈಮೇಲೆ ಉಳಿಸಿಕೊಳ್ಳುತ್ತದೆ. ಮೊದಲ ಸುಡುವಿಕೆಯಲ್ಲೇ ಉರಿ ಮಿತಿಮೀರಿದರೆ ರಂಧ್ರಗಳು ಮುಚ್ಚಿ ಮೆರುಗು ಜಾರಿಹೋಗುತ್ತದೆ.

ಬೇಯುವ ಮೊದಲಿನ ಸ್ಥಿತಿಗೆ ಕನ್ನಡದಲ್ಲಿ ಒಂದೇ ಪದ ಸಾಕು: ಹಸಿ. ಹಸಿ ತರಕಾರಿ, ಹಸಿ ಗೋಡೆ, ಹಸಿ ಮಡಕೆ. ಬೇಯದ್ದು, ಒಣಗದ್ದು ಎರಡನ್ನೂ ಅದು ಹೇಳುತ್ತದೆ. ಹಳಗನ್ನಡದ ಪಸಿಯೇ ಇಂದಿನ ಹಸಿ. ಪಸಿರ್ ಎಂಬುದು ಹಸಿರು. ಎರಡೂ ಒಂದೇ ಬೇರಿನವು. ಸಂಬಂಧವೇ ಇಲ್ಲದ ಇಂಗ್ಲಿಷಿನಲ್ಲೂ ಸುಡದ ಮಡಕೆ 'ಗ್ರೀನ್‌ವೇರ್'. ಬೂದುಬಣ್ಣದ ಒಣ ಮಣ್ಣಿಗೆ ಹಸಿರೆಂಬ ಹೆಸರು ವಿಚಿತ್ರವಾಗಿ ಕಾಣಬಹುದು, ಆದರೆ ಹಸಿ ಎಂದ ನಾಲಿಗೆಗೆ ಅದರಲ್ಲಿ ವಿಚಿತ್ರವೇನಿಲ್ಲ. ಒಂದು ಭಾಷೆ ಇನ್ನೊಂದರಿಂದ ಕಡ ತಂದದ್ದಲ್ಲ ಇದು. ಮಣ್ಣಿನ ವರ್ತನೆ ಎಲ್ಲೆಡೆಯೂ ಒಂದೇ ಆದ್ದರಿಂದ ಬೇರೆ ಬೇರೆ ನುಡಿಗಳು ತಾವಾಗಿಯೇ ಒಂದೇ ಜಾಡು ಹಿಡಿದಿವೆ. ಪದಗಳ ಮೂಲ ಹುಡುಕುವಾಗ ಈ ಮೂರನ್ನು ಬೇರೆಯಾಗಿಡಬೇಕು: ಒಂದೇ ಬೇರಿನ ಪದಗಳು, ಕಡ ತಂದ ಪದಗಳು, ಹೀಗೆ ಕಾಕತಾಳೀಯವಲ್ಲದ ಆದರೆ ನೆಂಟಸ್ತಿಕೆಯೂ ಇಲ್ಲದ ಜೋಡಿಗಳು. ಬಹಳಷ್ಟು ಹುಸಿ ವ್ಯುತ್ಪತ್ತಿಗಳು ಹುಟ್ಟುವುದು ಇವುಗಳನ್ನು ಕಲಸಿದಾಗ.

ಮಣ್ಣು ಕಲಸುವ ಹಂತವಂತೂ ಪದಗಳ ಗಣಿ. ಇಂಗ್ಲಿಷಿನ 'ಕ್ಲೇ' ಮತ್ತು 'ಗ್ಲೂ' (ಅಂಟು) ಎರಡೂ ಅಂಟಿಕೊಳ್ಳು ಎಂಬರ್ಥದ ಒಂದೇ ಧಾತುವಿನ ಮಕ್ಕಳು. ಗ್ರೀಕಿನಲ್ಲಿ ಮಣ್ಣನ್ನು ಮಿದ್ದಿ ರೂಪಕೊಡುವುದಕ್ಕೆ 'ಪ್ಲಾಸೈನ್' ಎಂದರು. ಹಾಗೆ ರೂಪ ತಾಳಬಲ್ಲದ್ದು 'ಪ್ಲಾಸ್ಟಿಕೋಸ್'. ಇಂದಿನ ಪ್ಲಾಸ್ಟಿಕ್ ಮೂಲದಲ್ಲಿ ಮಣ್ಣಿನ ಕೆಲಸದ ಮಾತು! ಮಡಕೆಗಳನ್ನು ಮೂಲೆಗೆ ತಳ್ಳಿದ ವಸ್ತು ತನ್ನ ಹೆಸರನ್ನೂ ಅವುಗಳಿಂದಲೇ ಕಿತ್ತುಕೊಂಡಿದೆ. ಕುಂಬಾರಿಕೆಯ ವಿಜ್ಞಾನದಲ್ಲಿ ಆ ಗುಣಕ್ಕೆ ಈಗಲೂ ಪ್ಲಾಸ್ಟಿಸಿಟಿ ಎಂದೇ ಹೆಸರು. ಜೇಡಿಯ ಕಣಗಳು ಹೆಚ್ಚಾಗಿ ಎರಡು ಮೈಕ್ರೋಮೀಟರಿಗಿಂತ ಸಣ್ಣ ಚಪ್ಪಟೆ ಬಿಲ್ಲೆಗಳು. ನಡುವೆ ನೀರಿನ ತೆಳು ಪೊರೆ ಇದ್ದಾಗ ಅವು ಒಂದರ ಮೇಲೊಂದು ಜಾರುತ್ತವೆ, ಒತ್ತಡ ತೆಗೆದಾಗ ಇದ್ದಲ್ಲೇ ನಿಲ್ಲುತ್ತವೆ. ನೀರು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಗೋಡೆ ಕುಸಿಯುತ್ತದೆ. ತೀರಾ ಜಿಗುಟಾದ ಮಣ್ಣು ಒಣಗುವಾಗ ವಿಪರೀತ ಕುಗ್ಗಿ ಬಿರಿಯುತ್ತದೆ, ಅದಕ್ಕೆ ಮರಳೋ ಬೂದಿಯೋ ಬೆರೆಸಿ ಜಿಗುಟು ಮುರಿಯಬೇಕು.

ಇದೇ ಹಂತದ ಇನ್ನೊಂದು ಧಾತು ಸಂಸ್ಕೃತದ 'ದಿಹ್': ಬಳಿ, ಮೆತ್ತು. ಅದರಿಂದ ಹುಟ್ಟಿದ್ದು ದೇಹ. ಮೆತ್ತಿ ಮಾಡಿದ್ದು ಎಂದು ಅಕ್ಷರಾರ್ಥ. ಇದರ ದಾಯಾದಿಗಳು ದೂರ ದೂರ ಹಬ್ಬಿವೆ. ಲ್ಯಾಟಿನ್ನಿನಲ್ಲಿ 'ಫಿಂಗೆರೆ' ಎಂದರೆ ಮಣ್ಣಿನಲ್ಲಿ ರೂಪ ಮಾಡು, 'ಫಿಗುಲುಸ್' ಎಂದರೆ ಕುಂಬಾರ. ಆ ಬಳಗದಿಂದಲೇ ಫಿಗರ್, ಫಿಕ್ಷನ್ ಬಂದವು. ಇಂಗ್ಲಿಷಿನಲ್ಲಿ ನಾದಿದ ಹಿಟ್ಟು 'ಡೋ'. ಗ್ರೀಕಿನ 'ತೈಖೋಸ್' ಎಂದರೆ ಗೋಡೆ. ಮಡಕೆಗೆ ಮನುಷ್ಯನ ಮೈಯನ್ನು ಹೋಲಿಸುವ ಹಾಡುಗಳು ಬರುವುದಕ್ಕೆ ಎಷ್ಟೋ ಮೊದಲೇ ದೇಹ ಎಂಬ ಪದ ಆ ಹೋಲಿಕೆಯನ್ನು ನುಂಗಿಕೊಂಡಿತ್ತು.

ಇನ್ನು ಚಕ್ರ. ಕುಂಬಾರನ ಚಕ್ರಕ್ಕೆ ಕನ್ನಡದಲ್ಲಿ ತಿಗರಿ, ತಿಗುರಿ ಎಂಬ ಹೆಸರುಗಳಿವೆ. ತಮಿಳಿನಲ್ಲಿ ಅದು 'ತಿಗಿರಿ'; ಅಲ್ಲಿನ ಹಳೆಯ ಕಾವ್ಯಗಳಲ್ಲಿ ರಥದ ಗಾಲಿಗೂ ಚಕ್ರಾಯುಧಕ್ಕೂ ಅದೇ ಹೆಸರು. ಕನ್ನಡದಲ್ಲಿ ಗಾಲಿ, ಆಯುಧಗಳ ಅರ್ಥ ಸರಿದು ಮಣ್ಣಿನ ಚಕ್ರ ಮಾತ್ರ ನಿಂತಿತು. ಇಂಗ್ಲಿಷಿನಲ್ಲಿ ಚಕ್ರದ ಮೇಲೆ ಮಡಕೆ ಮಾಡುವುದಕ್ಕೆ 'ಥ್ರೋ' ಎನ್ನುತ್ತಾರೆ. ಮಣ್ಣಿನ ಮುದ್ದೆಯನ್ನು ಚಕ್ರದ ಮೇಲೆ ಎಸೆಯುವುದರಿಂದ ಈ ಹೆಸರು ಎಂದು ಹಲವರು ವಿವರಿಸುವುದುಂಟು. ಅದು ತಪ್ಪು. ಹಳೆಯ ಇಂಗ್ಲಿಷಿನಲ್ಲಿ ಆ ಕ್ರಿಯಾಪದದ ಅರ್ಥ ತಿರುಗಿಸು, ತಿರುಚು. ಮಾರುಕಟ್ಟೆಯ ಮಾತಿನಲ್ಲಿ ಅರ್ಥ ಎಸೆತಕ್ಕೆ ಜಾರಿತು, ಕುಂಬಾರರ ಬಾಯಲ್ಲಿ ಹಳೆಯದು ಉಳಿಯಿತು. ಕಸುಬಿನವರ ಮಾತು ಹೀಗೆ ಹಳೆಯ ಅರ್ಥಗಳ ಉಗ್ರಾಣ.

ಕುಂಬಾರ ಎಂಬ ಪದ ಕುಂಭಕಾರದಿಂದ ಬಂದದ್ದು. ಪ್ರಾಕೃತದಲ್ಲಿ ನಡುವಿನ ಕಕಾರ ಬಿದ್ದು ಕುಂಭಾರವಾಯಿತು, ಕನ್ನಡದಲ್ಲಿ ಮಹಾಪ್ರಾಣವೂ ಹೋಯಿತು. ಅದೇ 'ಕಾರ' ಮಾಲೆಗಾರ, ಸೊನಗಾರಗಳಲ್ಲಿ ಗಕಾರವಾಗಿ ಉಳಿದಿರುವುದನ್ನು ಗಮನಿಸಿ. ಕುಂಭದ ಹತ್ತಿರದ ನೆಂಟ ಹಳೆಯ ಇರಾನಿನ ಅವೆಸ್ತಾ ಭಾಷೆಯ 'ಖುಂಬ', ಅರ್ಥ ಮಡಕೆಯೇ. ಕೊಡ ಮಾತ್ರ ದ್ರಾವಿಡದ್ದು. ತಮಿಳಿನಲ್ಲಿ ಅದು 'ಕುಡಂ'. ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಐಕಾರ ಬಂದರೆ ಹಿಂದಿನ ಉಕಾರ ಕನ್ನಡದಲ್ಲಿ ಒಕಾರವಾಗುತ್ತದೆ: ತಮಿಳಿನ ಕುಡೈ ನಮ್ಮ ಕೊಡೆ, ಉಡಲ್ ನಮ್ಮ ಒಡಲು, ಹಾಗೆಯೇ ಕುಡಂ ನಮ್ಮ ಕೊಡ.

ಗಡಿಗೆಯ ಕತೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದ ಘಟಿಕಾ ಎಂದರೆ ಚಿಕ್ಕ ಮಡಕೆ. ಅದು ಕನ್ನಡಕ್ಕೆ ಎರಡು ಸಲ ಇಳಿಯಿತು, ಒಮ್ಮೆ ಗಡಿಗೆಯಾಗಿ, ಇನ್ನೊಮ್ಮೆ ಗಳಿಗೆಯಾಗಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ನಿಧಾನವಾಗಿ ತುಂಬಿ ಮುಳುಗುತ್ತದೆ. ದಿನಕ್ಕೆ 60 ಸಲ ಮುಳುಗುವಂತೆ ತೂತು ಕೊರೆದರೆ ಒಂದೊಂದಕ್ಕೆ 24 ನಿಮಿಷ. ಅದೇ ಒಂದು ಗಳಿಗೆ. ತೂತು ಸವೆದು ಹಿಗ್ಗಿದರೆ ಗಳಿಗೆ ಕಿರಿದಾಗುತ್ತದೆ, ಕಸ ಸಿಕ್ಕಿಕೊಂಡರೆ ಹಿರಿದಾಗುತ್ತದೆ. ಇದಕ್ಕೆ ತಾಮ್ರದ ಬಟ್ಟಲು ಬಳಸುತ್ತಿದ್ದರು, ಹೆಸರು ಮಾತ್ರ ಮಡಕೆಯದೇ. ಹಿಂದಿಯ ಘಡಿ, ನಮ್ಮ ಗಡಿಯಾರ ಎಲ್ಲದರಲ್ಲೂ ಆ ಘಟಿ ಇದೆ.

ಪಿಂಗಾಣಿಯೂ ಇದಕ್ಕೆ ಹತ್ತಿರದ ದಾರಿಯಲ್ಲೇ ನಡೆದದ್ದು. ಅದು ಪರ್ಶಿಯನ್ನಿನ 'ಪಿಂಗಾನ್', ಅಂದರೆ ಬಟ್ಟಲು. ಅರಬ್ಬರು ಅದನ್ನು 'ಫಿಂಜಾನ್' ಮಾಡಿಕೊಂಡು ಕಾಫಿ ಕುಡಿಯುವ ಬಟ್ಟಲಿಗೆ ಇಟ್ಟರು. ಪರ್ಶಿಯಾದಲ್ಲಿ ಕಾಲುವೆ ನೀರಿನ ಸರದಿ ಅಳೆಯಲು ತೇಲಿಬಿಡುತ್ತಿದ್ದ ತೂತಿನ ಬಟ್ಟಲಿಗೂ ಇದೇ ಹೆಸರು! ಹೀಗೆ ನಾವು ವಸ್ತುವಿನ ಹೆಸರೆಂದುಕೊಂಡದ್ದು ಮೂಲದಲ್ಲಿ ಆಕಾರದ ಹೆಸರು. ಯುರೋಪಿನವರ 'ಪೋರ್ಸಿಲೇನ್' ಮೇಲ್ಮೈಯ ಹೆಸರು: ಇಟಾಲಿಯನ್ನಿನಲ್ಲಿ 'ಪೋರ್ಚೆಲ್ಲಾನಾ' ಎಂದರೆ ಕವಡೆ. ಆ ನುಣುಪು, ಆ ಹೊಳಪು ಕಂಡು ಚೀನಾದ ಪಾತ್ರೆಗಳಿಗೂ ಅದನ್ನೇ ಇಟ್ಟರು. ಇಟ್ಟುಕೊಂಡರೂ ಮಾಡುವುದು ಹೇಗೆಂದು ಶತಮಾನಗಳ ಕಾಲ ತಿಳಿಯಲಿಲ್ಲ. ಚೀನಾದ ಪಿಂಗಾಣಿ ಊರಾದ ಜಿಂಗ್‌ಡೆಝೆನ್‌ನಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರಕೋಲ್ 1712 ಮತ್ತು 1722ರಲ್ಲಿ ಬರೆದ ಪತ್ರಗಳಿಂದ ಎರಡು ಪದಗಳು ಯುರೋಪಿಗೆ ಹೋದವು. ಒಂದು ಕಯೊಲಿನ್, 'ಗಾವೊಲಿಂಗ್' ಎಂಬ ಸ್ಥಳದ ಹೆಸರು, ಎತ್ತರದ ದಿಣ್ಣೆ ಎಂದರ್ಥ. ಇನ್ನೊಂದು ಪೆಟುಂಟ್ಸೆ, ಬಿಳಿಯ ಪುಟ್ಟ ಇಟ್ಟಿಗೆ. ಕಲ್ಲನ್ನು ಕುಟ್ಟಿ ತೊಳೆದು ಇಟ್ಟಿಗೆಯಾಗಿ ಅಚ್ಚುಹಾಕಿ ಸಾಗಿಸುತ್ತಿದ್ದರು. ಸುಮಾರು 1,300 ಡಿಗ್ರಿಯಲ್ಲಿ ಪೆಟುಂಟ್ಸೆ ಕರಗಿ ಗಾಜಾಗುತ್ತದೆ, ಕಯೊಲಿನ್ ಆಕಾರ ಹಿಡಿದು ನಿಲ್ಲಿಸುತ್ತದೆ. ಒಂದು ಮಾಂಸ, ಇನ್ನೊಂದು ಮೂಳೆ ಎಂದು ಅಲ್ಲಿಯವರು ಹೇಳುತ್ತಿದ್ದರು.

ಒಡೆದ ಮೇಲೂ ಮಡಕೆ ಪದಗಳನ್ನು ಹುಟ್ಟಿಸುವುದು ಬಿಡುವುದಿಲ್ಲ. ಅಥೆನ್ಸಿನಲ್ಲಿ ಪ್ರಜೆಗಳು ಬೇಡವಾದವನ ಹೆಸರನ್ನು ಬೋಕಿಯ ಚೂರಿನ ಮೇಲೆ ಗೀಚಿ ಮತ ಹಾಕಿ, ಅವನನ್ನು 10 ವರ್ಷ ಊರಾಚೆ ಕಳಿಸುತ್ತಿದ್ದರು. ಬೋಕಿಗೆ ಗ್ರೀಕಿನಲ್ಲಿ 'ಓಸ್ಟ್ರಕೋನ್'. ಬಹಿಷ್ಕಾರಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಆಸ್ಟ್ರಸಿಸಂ. ಚೂರಿನ ಇನ್ನೊಂದು ಗುರಿ ತಲೆ. ಸಂಸ್ಕೃತದ ಕಪಾಲಕ್ಕೆ ಬೋಕಿ, ಭಿಕ್ಷಾಪಾತ್ರೆ, ತಲೆಬುರುಡೆ ಎಲ್ಲ ಅರ್ಥಗಳೂ ಇವೆ. ಲ್ಯಾಟಿನ್ನಿನ 'ಟೆಸ್ಟಾ' ಎಂದರೆ ಮಣ್ಣಿನ ಪಾತ್ರೆ, ಅದರ ಚೂರು. ಫ್ರೆಂಚಿನಲ್ಲಿ ಅದು 'ತೆತ್' ಆಗಿ ತಲೆ ಎಂಬ ಮಾಮೂಲಿ ಪದವೇ ಆಯಿತು. ತಮಿಳಿನ 'ಓಡು' ಹಂಚು, ಬೋಕಿ, ಆಮೆಯ ಚಿಪ್ಪು. ತಲೆಬುರುಡೆ 'ಮಂಡೈ ಓಡು'. ಆ ಮಂಡೈಗೂ ತಮಿಳಿನಲ್ಲಿ ಮಣ್ಣಿನ ಪಾತ್ರೆ ಎಂಬ ಅರ್ಥವಿದೆ. ತುಳುವಿನ ಮಂಡೆ ದೊಡ್ಡ ಪಾತ್ರೆಯೂ ಹೌದು, ತಲೆಯೂ ಹೌದು. ಕನ್ನಡಿಗರು ಪಾತ್ರೆಯ ಅರ್ಥವನ್ನು ಬಹುಮಟ್ಟಿಗೆ ಮರೆತು, ಮಂಡೆ ಬಿಸಿಯಾಯಿತು ಎಂದಷ್ಟೇ ಹೇಳುತ್ತಾರೆ.