ಹೆಲೆನಿಸ್ಟಿಕ್ ಯುಗ ಅಂದರೆ ಯಾವುದು?

ಕ್ರಿ.ಪೂ. 323ರ ಜೂನ್ ತಿಂಗಳಲ್ಲಿ ಅಲೆಕ್ಸಾಂಡರ್ ಬ್ಯಾಬಿಲಾನಿನಲ್ಲಿ ಕಾಯಿಲೆ ಬಿದ್ದು ಸತ್ತ. ಆಗ ಅವನಿಗೆ 32 ವರ್ಷ. ಕ್ರಿ.ಪೂ. 30ರಲ್ಲಿ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಸತ್ತು, ಅವಳ ದೇಶ ರೋಮಿನ ಪಾಲಾಯಿತು. ಈ ಎರಡು ಸಾವುಗಳ ನಡುವಿನ ಸುಮಾರು ಮುನ್ನೂರು ವರ್ಷಗಳನ್ನು ಇತಿಹಾಸಕಾರರು ಹೆಲೆನಿಸ್ಟಿಕ್ ಯುಗ ಎಂದು ಕರೆಯುತ್ತಾರೆ.

ನಮ್ಮ ಶಾಲೆಯ ಪಾಠಗಳಲ್ಲಿ ಈ ಮುನ್ನೂರು ವರ್ಷ ಹೆಚ್ಚುಕಮ್ಮಿ ಮಾಯವಾಗಿಬಿಡುತ್ತದೆ. ಅಲೆಕ್ಸಾಂಡರ್ ಬಂದ, ಪೋರಸ್ ರಾಜನ ಜೊತೆ ಕಾದಾಡಿದ, ವಾಪಸ್ ಹೋದ. ಅಲ್ಲಿಗೆ ಗ್ರೀಕರ ಕತೆ ಮುಗಿಯಿತು, ಮುಂದಿನ ಪಾಠ ರೋಮ್. ಆದರೆ ಚಂದ್ರಗುಪ್ತ ಮೌರ್ಯ, ಅಶೋಕ, ಮಿಲಿಂದನೆಂದು ನಾವು ಕರೆಯುವ ಗ್ರೀಕ್ ರಾಜ ಮಿನಾಂಡರ್ ಎಲ್ಲರೂ ಬದುಕಿದ್ದು ಇದೇ ಕಾಲದಲ್ಲಿ. ಪಾಟಲಿಪುತ್ರದಲ್ಲಿ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಇದ್ದದ್ದೂ ಆಗಲೇ. ಹೆಲೆನಿಸ್ಟಿಕ್ ಅನ್ನೋದು ದೂರದೂರಿನ ಪದ ಅನ್ನಿಸಬಹುದು, ಅದು ಹೇಳುವ ಕಾಲದಲ್ಲಿ ನಾವೂ ಇದ್ದೇವೆ.

ಗ್ರೀಕರು ತಮ್ಮ ನಾಡನ್ನು ಹೆಲ್ಲಾಸ್ ಅಂತಲೂ ತಮ್ಮನ್ನು ಹೆಲ್ಲೀನರು ಅಂತಲೂ ಕರೆದುಕೊಳ್ಳುತ್ತಿದ್ದರು. 'ಹೆಲೆನಿಕ್' ಅಂದರೆ ಗ್ರೀಕರದ್ದು. 'ಹೆಲೆನಿಸ್ಟಿಕ್' ಅಂದರೆ ಬೇರೆ: ಗ್ರೀಕ್ ಭಾಷೆ, ಗ್ರೀಕ್ ರೀತಿ ರಿವಾಜು ಗ್ರೀಸಿನಾಚೆಗೆ ಹೋಗಿ, ಅಲ್ಲಿದ್ದವರ ಬದುಕಿನೊಳಗೆ ಬೆರೆತ ಕಾಲ. ಯೋಹಾನ್ ಗುಸ್ತಾವ್ ಡ್ರೋಯ್ಸನ್ ಎಂಬ ಜರ್ಮನ್ ಇತಿಹಾಸಕಾರ 1836ರಿಂದ ಹೊರತಂದ ತನ್ನ ಸಂಪುಟಗಳಲ್ಲಿ ಇದಕ್ಕೊಂದು ಹೆಸರು ಕೊಟ್ಟ. ಆ ಕಾಲದಲ್ಲಿ ಬದುಕಿದ್ದ ಯಾರಿಗೂ ತಾವು ಇಂಥ ಯುಗದಲ್ಲಿದ್ದೇವೆ ಅಂತ ಗೊತ್ತಿರಲಿಲ್ಲ.

ಅಲೆಕ್ಸಾಂಡರ್ ವಾರಸುದಾರನನ್ನು ನೇಮಿಸದೆ ಸತ್ತ. ಅವನ ಮಗ ಹುಟ್ಟಿದ್ದೇ ಅವನು ಸತ್ತ ಮೇಲೆ. ಆ ಹುಡುಗನನ್ನೂ ಅವನ ತಾಯಿಯನ್ನೂ ಮುಂದೆ ಕೊಲ್ಲಿಸಲಾಯಿತು. ಸೇನಾಪತಿಗಳೆಲ್ಲ ರಾಜ್ಯಕ್ಕಾಗಿ ಬಡಿದಾಡಿಕೊಂಡರು. ಕೊನೆಗೆ ಉಳಿದದ್ದು ಮೂರು ದೊಡ್ಡ ಮನೆತನ. ಟಾಲಮಿಯ ವಂಶಕ್ಕೆ ಈಜಿಪ್ಟ್ ಸಿಕ್ಕಿತು. ಸಿರಿಯಾದಿಂದ ಇರಾನಿನಾಚೆವರೆಗಿನ ಭಾರೀ ನೆಲ ಸೆಲ್ಯೂಕಸನ ವಂಶದ್ದಾಯಿತು. ಅಲೆಕ್ಸಾಂಡರನ ಹುಟ್ಟೂರಾದ ಮ್ಯಾಸಿಡೋನಿಯ ಆಂಟಿಗೋನಸನ ವಂಶದ ಕೈಸೇರಿತು. ಸಣ್ಣಪುಟ್ಟ ರಾಜ್ಯಗಳು ಇನ್ನೂ ಹಲವು.

ಈ ಜಗಳದಲ್ಲಿ ಭಾರತದ ಆನೆಗಳ ಪಾಲೂ ಇದೆ. ಸೆಲ್ಯೂಕಸ್ ಸಿಂಧೂ ಕಡೆಗೆ ಬಂದು ಚಂದ್ರಗುಪ್ತನನ್ನು ಎದುರಿಸಿದ. ಕೊನೆಗೆ ಇಬ್ಬರೂ ರಾಜಿಯಾದರು. ಸೆಲ್ಯೂಕಸ್ ತನ್ನ ಪೂರ್ವದ ಸೀಮೆಗಳನ್ನು ಬಿಟ್ಟುಕೊಟ್ಟ, ಬದಲಿಗೆ 500 ಆನೆಗಳನ್ನು ಪಡೆದ. ಅವುಗಳಲ್ಲಿ ಬಹುಪಾಲು ಈಗಿನ ಟರ್ಕಿಯವರೆಗೆ ನಡೆದುಹೋದವು. ಕ್ರಿ.ಪೂ. 301ರಲ್ಲಿ ಅಲ್ಲಿನ ಇಪ್ಸಸ್ ಎಂಬಲ್ಲಿ ಸೆಲ್ಯೂಕಸನ ಕಡೆಯವರಿಗೂ ಆಂಟಿಗೋನಸನಿಗೂ ದೊಡ್ಡ ಕಾಳಗ ನಡೆಯಿತು. ಶತ್ರುಗಳನ್ನು ಅಟ್ಟಿಸಿಕೊಂಡು ಹೋಗಿದ್ದ ಆಂಟಿಗೋನಸನ ಮಗ ವಾಪಸ್ ಬಂದು ಅಪ್ಪನನ್ನು ಸೇರಿಕೊಳ್ಳದಂತೆ ಈ ಆನೆಗಳು ಅಡ್ಡ ನಿಂತವು. ಎಂಬತ್ತು ದಾಟಿದ್ದ ಮುದುಕ ಆಂಟಿಗೋನಸ್ ಅಲ್ಲೇ ಬಿದ್ದ. ಇಡೀ ಸಾಮ್ರಾಜ್ಯ ಒಬ್ಬನದೇ ಆಗಬೇಕು ಅನ್ನೋ ಕನಸು ಅವನ ಜೊತೆಗೇ ಹೋಯಿತು.

ರಾಜರ ಕತೆ ಇಷ್ಟು ಸಾಕು. ಹೆಲೆನಿಸ್ಟಿಕ್ ಪದದ ಅರ್ಥ ನಿಜವಾಗಿ ತಿಳಿಯುವುದು ಅವರ ಆಳ್ವಿಕೆಯಲ್ಲಿ ಬದುಕಿದ ಸಾಮಾನ್ಯ ಜನರ ಪತ್ರಗಳಲ್ಲಿ, ಶಾಸನಗಳಲ್ಲಿ.

ಈಜಿಪ್ಟಿನ ಮರಳು ಒಣ ನೆಲ. ಅಲ್ಲಿ ಪಪೈರಸ್ ಹಾಳೆಗಳು ಎರಡು ಸಾವಿರ ವರ್ಷ ಕೊಳೆಯದೆ ಉಳಿದಿವೆ. ಜೀನಾನ್ ಎಂಬ ಅಧಿಕಾರಿಯ ಕಾಗದಪತ್ರಗಳು ಫಯೂಮ್ ಪ್ರದೇಶದಲ್ಲಿ ದೊಡ್ಡ ರಾಶಿಯಾಗಿಯೇ ಸಿಕ್ಕವು. ಟಾಲಮಿಯ ಹಣಕಾಸು ಮಂತ್ರಿ ಅಪೊಲೋನಿಯಸನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಈ ಜೀನಾನ್. ಅವನಿಗೆ ಒಂಟೆ ನೋಡಿಕೊಳ್ಳುವ ಆಳೊಬ್ಬ ಬರೆಸಿದ ಪತ್ರವೂ ಅದರಲ್ಲಿದೆ. ಕಾಲ ಸುಮಾರು ಕ್ರಿ.ಪೂ. 256. ಪತ್ರದಲ್ಲಿ ಅವನ ಹೆಸರು ಉಳಿದಿಲ್ಲ, ದೂರು ಮಾತ್ರ ಉಳಿದಿದೆ.

ದೂರು ಏನೆಂದರೆ: ನೀವು ನನ್ನನ್ನು ಸಿರಿಯಾದಲ್ಲಿ ಕ್ರೋಟಸನ ಕೈಕೆಳಗೆ ಬಿಟ್ಟಿರಿ. ಒಂಟೆಗಳ ವಿಷಯದಲ್ಲಿ ಹೇಳಿದ್ದೆಲ್ಲ ಮಾಡಿದೆ. ಸಂಬಳ ಕೊಡು ಅಂತ ನೀವು ಹೇಳಿ ಕಳಿಸಿದರೂ ಅವನು ಕೊಡಲಿಲ್ಲ. ಹೊಟ್ಟೆಗಿಲ್ಲದೆ ಓಡಿಹೋಗಬೇಕಾಯಿತು. ಆಮೇಲೆ ಜೇಸನ್ ಹತ್ತಿರ ಕಳಿಸಿದಿರಿ. ಒಂಬತ್ತು ತಿಂಗಳಾಯಿತು, ಎಣ್ಣೆ, ಧಾನ್ಯ ಸರಿಯಾಗಿ ಸಿಗುತ್ತಿಲ್ಲ. ಸಂಬಳದ ಬದಲು ಕಳಪೆ ದ್ರಾಕ್ಷಾರಸ ತೊಗೋ ಅನ್ನುತ್ತಾನೆ. ನಾನು 'ಬರ್ಬರ' ಅಂತ ನನ್ನನ್ನು ಕೀಳಾಗಿ ಕಾಣುತ್ತಾರೆ. ಗ್ರೀಕರ ಹಾಗೆ ಇರಲು ನನಗೆ ಬರುವುದಿಲ್ಲ ಅನ್ನೋ ಕಾರಣಕ್ಕೆ ನಾನು ಹಸಿವಿನಿಂದ ಸಾಯಬಾರದು, ದಯವಿಟ್ಟು ನೋಡಿ.

'ಗ್ರೀಕರ ಹಾಗೆ ಇರುವುದು' ಅಂತ ನಾನು ಬರೆದ ಕಡೆ ಅವನ ಪತ್ರದಲ್ಲಿರುವ ಕ್ರಿಯಾಪದ 'ಹೆಲ್ಲೇನಿಜೈನ್'. ಗ್ರೀಕ್ ಮಾತಾಡುವುದು ಅಂತಲೂ ಆಗುತ್ತದೆ, ಗ್ರೀಕರಂತೆ ನಡೆದುಕೊಳ್ಳುವುದು ಅಂತಲೂ ಆಗುತ್ತದೆ. ಡ್ರೋಯ್ಸನ್ ತನ್ನ ಯುಗಕ್ಕೆ ಹೆಸರಿಟ್ಟದ್ದು ಇದೇ ಪದದ ಕುಟುಂಬದಿಂದ. ಮೇಲಿನವರ ಬಾಯಲ್ಲಿ ಅದು ಸಂಸ್ಕೃತಿಯ ಬೆರಕೆ. ಈ ಒಂಟೆಯಾಳಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಕಚೇರಿಯಲ್ಲಿ ಇಂಗ್ಲಿಷ್ ಬಾರದೆ ಕೌಂಟರಿನ ಮುಂದೆ ಕೈಕಟ್ಟಿ ನಿಂತವರಿಗೆ ಈ ಪತ್ರ ಬಿಡಿಸಿ ಹೇಳಬೇಕಾಗಿಲ್ಲ. ಹೆಲೆನಿಸ್ಟಿಕ್ ಯುಗವೆಂದರೆ ಎಲ್ಲರೂ ಸಂತೋಷದಿಂದ ಗ್ರೀಕರಾದ ಕಾಲ ಅಂತ ಯಾರಾದರೂ ಹೇಳಿದರೆ, ನಾನು ಮೊದಲು ಈ ಪತ್ರವನ್ನೇ ತೋರಿಸುತ್ತೇನೆ.

ಹಾಗಂತ ಅದು ಬರೀ ದಬ್ಬಾಳಿಕೆಯ ಕತೆಯೂ ಅಲ್ಲ. ಗ್ರೀಕ್ ಭಾಷೆಯನ್ನು ಕಲಿತು ಅದನ್ನು ತಮ್ಮದೇ ಮಾಡಿಕೊಂಡವರೂ ಇದ್ದರು. ಕಂದಹಾರದಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಸೋಫೈಟೋಸ್ ಎಂಬುವನ ಪದ್ಯವಿದೆ. ಅವನ ತಂದೆ ನರಾಟೋಸ್. ಎರಡೂ ಭಾರತೀಯ ಹೆಸರುಗಳ ಗ್ರೀಕ್ ರೂಪ ಅಂತ ವಿದ್ವಾಂಸರ ಅಭಿಪ್ರಾಯ. ನರಾಟೋಸ್ ಅಂದರೆ ನಾರದ ಇರಬಹುದು ಅನ್ನುತ್ತಾರೆ. ಪದ್ಯ ಮಾತ್ರ ಅಪ್ಪಟ ಗ್ರೀಕ್, ಅದೂ ಪಂಡಿತರ ಗ್ರೀಕ್. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಮೇಲಿಂದ ಕೆಳಗೆ ಓದಿದರೆ 'ನರಾಟೋಸನ ಮಗ ಸೋಫೈಟೋಸನಿಂದ' ಅಂತ ಬರುತ್ತದೆ.

ಅವನು ಹೇಳುವ ಕತೆ ನೋಡಿ. ಅವನದು ಹಿಂದೆ ಬಾಳಿದ ಮನೆತನ, ವಿಧಿ ತಿರುಗಿ ಹಾಳಾಯಿತು. ಇನ್ನೊಬ್ಬರಿಂದ ಸಾಲ ಪಡೆದು ಊರು ಬಿಟ್ಟ. ಕೈತುಂಬ ಸಂಪಾದಿಸದೆ ಮರಳುವುದಿಲ್ಲ ಅಂತ ನಿಶ್ಚಯಿಸಿ, ವ್ಯಾಪಾರಕ್ಕಾಗಿ ಊರೂರು ಸುತ್ತಿದ. ಎಷ್ಟೋ ವರ್ಷದ ಮೇಲೆ ಹಣ ಮಾಡಿಕೊಂಡು ಬಂದ. ಬಿದ್ದುಹೋಗಿದ್ದ ಮನೆಯನ್ನು ಎತ್ತಿ ನಿಲ್ಲಿಸಿದ, ಹಿರಿಯರಿಗೆ ಹೊಸ ಸಮಾಧಿ ಕಟ್ಟಿಸಿದ, ದಾರಿಹೋಕರು ಓದಲಿ ಅಂತ ಈ ಕಲ್ಲು ನೆಡಿಸಿದ. ಸಾಲ ಮಾಡಿ ಹೊರಟವನು ಗೆದ್ದು ಬಂದ ಹೆಮ್ಮೆ ಒಂದೊಂದು ಸಾಲಿನಲ್ಲೂ ಇದೆ. ಇವನನ್ನು ಗ್ರೀಕ ಅನ್ನಬೇಕೋ ಭಾರತೀಯ ಅನ್ನಬೇಕೋ? ಈ ಕಾಲದಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ.

ಇದೇ ಕಂದಹಾರದಲ್ಲಿ 1958ರಲ್ಲಿ ಅಶೋಕನ ಶಾಸನವೊಂದು ಬೆಳಕಿಗೆ ಬಂತು. ಅದು ಪ್ರಾಕೃತದಲ್ಲಿಲ್ಲ. ಮೇಲೆ ಗ್ರೀಕ್, ಕೆಳಗೆ ಅರಮಾಯಿಕ್. ಅರಮಾಯಿಕ್ ಎಂದರೆ ಹಿಂದಿನ ಪರ್ಷಿಯನ್ ಸಾಮ್ರಾಜ್ಯದ ಆಡಳಿತದ ಭಾಷೆ. ಅಶೋಕನ 'ಧಮ್ಮ' ಅಲ್ಲಿ 'ಯೂಸೆಬೈಯ' ಆಗಿದೆ. ಗ್ರೀಕರಲ್ಲಿ ಅದು ದೇವರು ಹಿರಿಯರ ಬಗೆಗಿನ ಭಕ್ತಿ, ಗೌರವಕ್ಕೆ ಬಳಸುವ ಮಾತು. ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಅನ್ನುವುದು ಅಶೋಕನಿಗೆ ಗೊತ್ತಿತ್ತು. ಅವನ 13ನೇ ಬಂಡೆ ಶಾಸನದಲ್ಲಿ ಐವರು ಯವನ, ಅಂದರೆ ಗ್ರೀಕ್, ರಾಜರ ಹೆಸರಿದೆ: ಅಂತಿಯೋಕ, ತುಲಮಾಯ, ಅಂತೆಕಿನ, ಮಕ, ಅಲಿಕಸುದರ. ಮೊದಲ ನಾಲ್ವರು ಸಿರಿಯಾದ ಎರಡನೇ ಆಂಟಿಯೋಕಸ್, ಈಜಿಪ್ಟಿನ ಎರಡನೇ ಟಾಲಮಿ, ಮ್ಯಾಸಿಡೋನಿಯದ ಆಂಟಿಗೋನಸ್ ಗೊನಾಟಸ್, ಈಗಿನ ಲಿಬಿಯಾದಲ್ಲಿದ್ದ ಸಿರೀನ್ ಪಟ್ಟಣದ ಮಾಗಸ್. ಐದನೆಯವನು ಅಲೆಕ್ಸಾಂಡರ್ ಎಂಬ ಹೆಸರಿನ ಇನ್ನೊಬ್ಬ. ಎಪಿರಸ್ಸಿನವನೋ ಕಾರಿಂಥಿನವನೋ ಅಂತ ಚರ್ಚೆ ನಡೆದೇ ಇದೆ. ಈ ಐವರೂ ಒಟ್ಟಿಗೆ ಆಳುತ್ತಿದ್ದ ವರ್ಷಗಳನ್ನು ಲೆಕ್ಕ ಹಾಕಿಯೇ ಅಶೋಕನ ಕಾಲವನ್ನು ಇತಿಹಾಸಕಾರರು ಗಟ್ಟಿ ಮಾಡಿಕೊಂಡದ್ದು. ಭಾರತದ ಇತಿಹಾಸದ ಕಾಲಗಣನೆ ಈ ಹೆಲೆನಿಸ್ಟಿಕ್ ರಾಜರ ಮೇಲೆ ಅಷ್ಟು ಆತುಕೊಂಡಿದೆ.

ಕರ್ನಾಟಕದವರು ಇಲ್ಲಿ ಬ್ರಹ್ಮಗಿರಿಯನ್ನು ನೆನೆಯಬೇಕು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿರುವ ಅಶೋಕನ ಶಾಸನಗಳ ಕೊನೆಯಲ್ಲಿ, ಬರೆದವನು ಚಪಡ ಎಂಬ ಲಿಪಿಕಾರ ಅಂತ ಇದೆ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. 'ಲಿಪಿಕರೇಣ' ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ಅರಮಾಯಿಕ್‌ನಿಂದ ಹುಟ್ಟಿದ್ದು, ಗಾಂಧಾರದ ಕಡೆಯದು. ಹಾಗಾಗಿ ಚಪಡ ವಾಯವ್ಯದ ಗಡಿಯಲ್ಲಿ ಕಲಿತವನು ಅಥವಾ ಕೆಲಸ ಮಾಡಿದವನು ಇರಬೇಕು. ಯವನರು, ಪರ್ಷಿಯನ್ನರು, ಮಾಗಧರು ಬೆರೆತ ಸೀಮೆಯ ಕೈಬರಹ ನಮ್ಮ ಬಂಡೆಯ ಮೇಲಿದೆ. ಅಲ್ಲಿಗೆ ಹೋದವರು ಆ ಕೊನೆಯ ಸಾಲನ್ನು ನೋಡದೆ ಬರಬೇಡಿ.

ಗ್ರೀಕರು ಪೂರ್ವದಲ್ಲಿ ಕಟ್ಟಿಕೊಂಡ ಊರು ಹೇಗಿತ್ತು ಅನ್ನುವುದಕ್ಕೆ ಅಫ್ಘಾನಿಸ್ತಾನದ ಉತ್ತರ ಗಡಿಯ ಐ ಖಾನುಮ್ ಒಳ್ಳೆ ಸಾಕ್ಷಿ. ಆಮು ದರಿಯಾ ನದಿಯ ದಂಡೆ. ಫ್ರೆಂಚರು 1978ರವರೆಗೆ ಅಲ್ಲಿ ಅಗೆದರು. ವ್ಯಾಯಾಮಶಾಲೆ, ನಾಟಕ ನೋಡುವ ಬಯಲು ರಂಗಮಂದಿರ ಗ್ರೀಕರದ್ದು. ಅರಮನೆಯ ಒಳವಿನ್ಯಾಸದಲ್ಲಿ ಪರ್ಷಿಯನ್ ಛಾಯೆ. ಮುಖ್ಯ ದೇವಸ್ಥಾನದ ಗೋಡೆ ಮೆಸಪೊಟೇಮಿಯದ ಮಾದರಿ, ಒಳಗಿದ್ದ ವಿಗ್ರಹದ ಉಳಿದ ಕಾಲಿಗೆ ಗ್ರೀಕ್ ಪಾದರಕ್ಷೆ. ಸಿಕ್ಕ ನಾಣ್ಯಗಳಲ್ಲಿ ಅಗಥೋಕ್ಲೀಸ್ ಎಂಬ ಯವನ ರಾಜನವೂ ಇವೆ; ಒಂದು ಬದಿಗೆ ಚಕ್ರ ಹಿಡಿದ ವಾಸುದೇವ, ಇನ್ನೊಂದು ಬದಿಗೆ ನೇಗಿಲು ಹಿಡಿದ ಸಂಕರ್ಷಣ. ಊರ ನಡುವೆ ಕಿನಿಯಾಸ್ ಎಂಬ ಹಿರಿಯನ ಗುಡಿಯಿತ್ತು. ಗ್ರೀಸಿನ ಡೆಲ್ಫಿ ಕ್ಷೇತ್ರದ ಹಿತವಚನಗಳನ್ನು ಕ್ಲಿಯಾರ್ಕಸ್ ಎಂಬುವನು ಜೋಪಾನವಾಗಿ ನಕಲು ಮಾಡಿಕೊಂಡು ತಂದು ಅಲ್ಲಿ ಕೆತ್ತಿಸಿದ್ದ. ಎಳವೆಯಲ್ಲಿ ಒಳ್ಳೆಯ ನಡತೆ, ಹರೆಯದಲ್ಲಿ ಸಂಯಮ, ನಡುವಯಸ್ಸಿನಲ್ಲಿ ನ್ಯಾಯ, ಮುಪ್ಪಿನಲ್ಲಿ ಒಳ್ಳೆಯ ಸಲಹೆ, ಸಾಯುವಾಗ ದುಃಖವಿಲ್ಲದಿರುವುದು ಅನ್ನುವ ಮಾತು ಅದರಲ್ಲಿದೆ. ಡೆಲ್ಫಿಗೂ ಐ ಖಾನುಮ್‌ಗೂ ಸುಮಾರು 4,000 ಕಿ.ಮೀ. ದೂರ. ತಮ್ಮ ಊರಿನ ಮಾತು ಮರೆತುಹೋಗಬಾರದು ಅನ್ನುವ ಆತಂಕ ಅವರಿಗೆ ಎಷ್ಟಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಕಳ್ಳರು ಆ ಜಾಗವನ್ನು ಅಗೆದು ಹಾಳುಮಾಡಿದ್ದು ತುಂಬಲಾರದ ನಷ್ಟ.

ಈ ಯುಗದ ವಿಜ್ಞಾನದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಯೂಕ್ಲಿಡ್, ಆರ್ಕಿಮಿಡೀಸ್ ಇದೇ ಕಾಲದವರು. ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಅಂದ ಸಾಮೋಸ್‌ನ ಅರಿಸ್ಟಾರ್ಕಸ್ ಕೂಡ. ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೋಸ್ತನೀಸ್, ಎರಡು ಊರುಗಳ ನಡುಮಧ್ಯಾಹ್ನದ ನೆರಳಿನ ವ್ಯತ್ಯಾಸ ನೋಡಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ನೆರಳಿನ ಕೋನ ವೃತ್ತದ 50ರಲ್ಲಿ ಒಂದು ಭಾಗ, ಊರುಗಳ ನಡುವೆ 5,000 ಸ್ಟೇಡಿಯ (ಗ್ರೀಕರ ದೂರದ ಅಳತೆ) ದೂರ. ಆದ್ದರಿಂದ ಭೂಮಿಯ ಸುತ್ತಳತೆ 2,50,000 ಸ್ಟೇಡಿಯ. ಇವನು ಹುಟ್ಟಿದ್ದು ಸಿರೀನ್‌ನಲ್ಲಿ, ಅಶೋಕ ಹೆಸರಿಸಿದ ಆ 'ಮಕ' ಆಳಿದ ಊರಿನಲ್ಲಿ.

ಯುಗ ಮುಗಿದದ್ದು ಒಂದೇ ಏಟಿಗಲ್ಲ. ರೋಮ್ ಕ್ರಿ.ಪೂ. 168ರಲ್ಲಿ ಮ್ಯಾಸಿಡೋನಿಯದ ರಾಜನನ್ನು ಸೋಲಿಸಿತು, 146ರಲ್ಲಿ ಕಾರಿಂಥ್ ನಗರವನ್ನು ನೆಲಸಮ ಮಾಡಿತು. ಸೆಲ್ಯೂಕಸನ ವಂಶದ ನೆಲವನ್ನು ಪೂರ್ವದಿಂದ ಪಾರ್ಥಿಯನ್ನರು ಕಡಿದುಕೊಂಡರು, ಉಳಿದ ಸಿರಿಯಾವನ್ನು ರೋಮಿನ ಸೇನಾಪತಿ ಪಾಂಪೆ ನುಂಗಿದ. ಕೊನೆಗೆ ಉಳಿದವಳು ಕ್ಲಿಯೋಪಾತ್ರ. ಅವಳ ವಂಶ ಈಜಿಪ್ಟನ್ನು ಮುನ್ನೂರು ವರ್ಷ ಹತ್ತಿರ ಆಳಿತ್ತು. ಆದರೂ ಈಜಿಪ್ಟಿನ ಜನರ ಭಾಷೆಯನ್ನು ಕಲಿತವಳು ಆ ವಂಶದಲ್ಲಿ ಅವಳೇ ಅಂತ ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಬರೆಯುತ್ತಾನೆ. ಒಂಟೆಯಾಳಿನ ಪತ್ರ ಓದಿದ ಮೇಲೆ ಈ ಮಾತು ಇನ್ನೂ ಜಾಸ್ತಿ ಚುಚ್ಚುತ್ತದೆ, ಅಲ್ವಾ?

ಪದ ಬಳಸುವಾಗ ಒಂದು ಎಚ್ಚರ ಬೇಕು. ಕ್ರಿ.ಪೂ. 30 ಅನ್ನುವುದು ಮೆಡಿಟರೇನಿಯನ್ ಕಡೆಯಿಂದ ನೋಡಿ ಹಾಕಿದ ಗೆರೆ. ಪಂಜಾಬಿನಲ್ಲಿ ಯವನ ರಾಜರ ಆಳ್ವಿಕೆ ಅದಾದ ಮೇಲೂ ಸ್ವಲ್ಪ ಕಾಲ ಉಳಿದಿತ್ತು. ಇನ್ನು ಕನ್ನಡದವರಿಗೆ ಪ್ರಿಯವಾದ, ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಲ್ಲಿ ಸಿಕ್ಕ ಪಪೈರಸ್ ನಾಟಕ. ಅದರಲ್ಲಿ ಬರುವ ಭಾರತೀಯ ಮಾತುಗಳು ಕನ್ನಡ ಅಂತ ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದ್ದರು, ಆ ವಾದ ಇಂದಿಗೂ ತೀರ್ಮಾನವಾಗಿಲ್ಲ. ಭಾಷೆ ಗ್ರೀಕ್, ಸಿಕ್ಕ ಜಾಗ ಈಜಿಪ್ಟ್, ಹಾಗಾಗಿ ಅದನ್ನು ಹೆಲೆನಿಸ್ಟಿಕ್ ಕಾಲದ ನಾಟಕ ಅಂತ ಕೆಲವರು ಸುಮ್ನೆ ಬರೆದುಬಿಡುತ್ತಾರೆ. ಆ ಹಾಳೆ ಕ್ರಿ.ಶ. 2ನೇ ಶತಮಾನದ್ದು. ಆಗ ಈಜಿಪ್ಟ್ ರೋಮಿನ ಪ್ರಾಂತ್ಯವಾಗಿತ್ತು.