ಹಿಗ್ಗುವ ಬಟ್ಟೆ: ಇಲಾಸ್ಟೇನ್ ನಾರಿನ ಗುಣ, ಕಟಿಂಗ್, ಹೊಲಿಗೆ, ಮಳೆಗಾಲದ ಆರೈಕೆ

ಹೊಲಿಗೆ ಕಲಿಯುವವರಿಗೆ ಹಿಗ್ಗುವ ನಾರಿನ ಗುಣ ಬರೆಯಿರಿ ಎಂದರೆ ಹೆಚ್ಚಿನವರು ‘ಎಳೆದರೆ ಹಿಗ್ಗುತ್ತದೆ’ ಎಂದಷ್ಟೇ ಬರೆದು ಮುಗಿಸುತ್ತಾರೆ. ಸಾದಾ ಹತ್ತಿಯ ಬನಿಯನ್ ಬಟ್ಟೆ ಕೂಡ ಎಳೆದರೆ ಹಿಗ್ಗುತ್ತದೆ, ಹೆಣಿಗೆಯ ಕುಣಿಕೆಗಳು ಉದ್ದವಾಗುವುದರಿಂದ. ಆದರೆ ನಾಲ್ಕು ಸಲ ತೊಟ್ಟ ಮೇಲೆ ಅದರ ಕುತ್ತಿಗೆ ಜೋತುಬೀಳುತ್ತದೆ. ಇಲಾಸ್ಟೇನ್ ಎಂಬ ಹಿಗ್ಗುವ ನಾರನ್ನು ಬಟ್ಟೆಗೆ ಸೇರಿಸುವ ಮುಖ್ಯ ಕಾರಣ ಹಿಗ್ಗಿದ್ದನ್ನು ಮೊದಲಿನ ಅಳತೆಗೆ ವಾಪಸ್ ತರುವುದು. ಕಟಿಂಗ್, ಸೂಜಿ, ಇಸ್ತ್ರಿ, ಒಗೆತ ಎಲ್ಲದರ ನಿಯಮಗಳೂ ಈ ಮರಳುವ ಶಕ್ತಿಯನ್ನು ಕಾಪಾಡಲು ಇರುವಂಥವು. ಈ ಟಿಪ್ಪಣಿ ಓದುವಾಗ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಾರು ಹೇಗಿದೆ

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬಿಸಿಮಾಡಿ ರಬ್ಬರನ್ನು ಹದಕ್ಕೆ ತಂದ ನಂತರ ಬಟ್ಟೆಯಲ್ಲಿ ಬಾಳಿಕೆ ಬರುವ ರಬ್ಬರ್ ಎಳೆ ಬಳಕೆಗೆ ಬಂತು. ಇಲಾಸ್ಟೇನ್ ಬಂದದ್ದು ಬಹಳ ತಡವಾಗಿ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ 1958ರಲ್ಲಿ ಇದನ್ನು ರೂಪಿಸಿದರು. ಅಂಗಡಿಯಲ್ಲಿ ಎಲ್ಲವನ್ನೂ ಲೈಕ್ರಾ ಎನ್ನುತ್ತಾರೆ, ಆದರೆ ಅದು ಬ್ರಾಂಡ್. ನಾರಿನ ಹೆಸರು ಇಲಾಸ್ಟೇನ್; ಅಮೆರಿಕದ ಲೇಬಲ್‌ಗಳಲ್ಲಿ ಇದೇ ನಾರನ್ನು ಸ್ಪ್ಯಾಂಡೆಕ್ಸ್ ಎಂದು ನಮೂದಿಸಿರುತ್ತಾರೆ.

ತೂಕದಲ್ಲಿ ಕನಿಷ್ಠ ಶೇ. 85ರಷ್ಟು ಪಾಲಿಯುರೆಥೇನ್ ಎಂಬ ಕೃತಕ ಪಾಲಿಮರ್ ಇದ್ದರೆ ಅದು ಇಲಾಸ್ಟೇನ್. ಅದರ ಅಣುಸರಪಳಿಯಲ್ಲಿ ಮೆದು ಭಾಗ, ಗಟ್ಟಿ ಭಾಗ ಒಂದಾದ ಮೇಲೊಂದು ಬರುತ್ತವೆ. ಮೆದು ಭಾಗ ಸುರುಳಿ ಸುತ್ತಿಕೊಂಡಿರುತ್ತದೆ. ಎಳೆದಾಗ ನೆಟ್ಟಗಾಗಿ, ಬಿಟ್ಟಾಗ ಮತ್ತೆ ಸುತ್ತಿಕೊಳ್ಳುತ್ತದೆ. ಗಟ್ಟಿ ಭಾಗಗಳು ಪಕ್ಕದ ಸರಪಳಿಯ ಗಟ್ಟಿ ಭಾಗಗಳೊಂದಿಗೆ ಹೈಡ್ರೋಜನ್ ಬಂಧದಿಂದ ಕಚ್ಚಿಕೊಂಡು, ಸರಪಳಿಗಳು ಜಾರಿಹೋಗದಂತೆ ಹಿಡಿಯುತ್ತವೆ. ಬಿಸಿ ಮಿತಿಮೀರಿದರೆ ಈ ಹಿಡಿತ ಸಡಿಲವಾಗುತ್ತದೆ. ಕ್ಲೋರಿನ್ ಬಿದ್ದರೆ ಸರಪಳಿಯೇ ತುಂಡಾಗುತ್ತದೆ. ಹಾಳಾದ ಲೆಗ್ಗಿಂಗ್ಸ್‌ಗಳಲ್ಲಿ ಹೆಚ್ಚಿನವುಗಳ ಹಿಂದೆ ಈ ಎರಡರಲ್ಲಿ ಒಂದು ಕಾರಣ ಇರುತ್ತದೆ.

ಅಂಕಿಗಳು: ಮೂಲ ಉದ್ದದ ಮೇಲೆ ಶೇ. 400ರಿಂದ 700ರವರೆಗೆ ಹಿಗ್ಗುತ್ತದೆ. ತೇವ ಹೀರುವುದು ಶೇ. 1ರ ಆಸುಪಾಸು. ಬಲ ಮಾತ್ರ ಕಡಿಮೆ, ಎಳೆಯ ದಪ್ಪದ ಅಳತೆಯಾದ ಡೆನಿಯರ್‌ಗೆ ಸುಮಾರು 0.7ರಿಂದ 1 ಗ್ರಾಂ. ಹತ್ತಿಯದು ಸುಮಾರು 3. ಆದ್ದರಿಂದ ಇಲಾಸ್ಟೇನನ್ನು ಒಂಟಿಯಾಗಿ ಬಟ್ಟೆ ಮಾಡುವುದಿಲ್ಲ. ಬಲವನ್ನು ಹತ್ತಿ, ನೈಲಾನ್ ಅಥವಾ ಪಾಲಿಯೆಸ್ಟರ್ ಕೊಡುತ್ತದೆ, ಮರಳುವಿಕೆಯನ್ನು ಇಲಾಸ್ಟೇನ್ ಕೊಡುತ್ತದೆ.

ಕೊಡಗಿನ ಸಂಪಾಜೆ, ಪೆರಾಜೆ ಕಡೆಯ ತೋಟಗಳಲ್ಲಿ ಇಳಿಸುವಂಥ ರಬ್ಬರ್ ಹಾಲಿನಿಂದಲೂ ಎಳೆ ತೆಗೆಯಬಹುದು. ಹಿಗ್ಗುವುದರಲ್ಲಿ ಅದೇನೂ ಕಡಿಮೆಯಿಲ್ಲ. ಆದರೆ ಬಹಳ ಸಪೂರವಾದ ಎಳೆ ಬರುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಮೈಯ ಎಣ್ಣೆ, ಬಿಸಿಲು, ಡ್ರೈಕ್ಲೀನಿಂಗ್ ದ್ರಾವಣ ತಾಗಿದರೆ ಬೇಗ ಉಬ್ಬಿ ಬಿರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನ ಬ್ಯಾಂಡ್ ಬೇಗ ಅಂಟಂಟಾಗುವುದು ಇದರಿಂದಲೇ. ಇಲಾಸ್ಟೇನ್ 20, 40, 70 ಡೆನಿಯರ್‌ನಷ್ಟು ಸಪೂರವಾಗಿ ಸಿಗುತ್ತದೆ, ಬೆವರು ಮತ್ತು ಎಣ್ಣೆಯನ್ನು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ.

ಬಟ್ಟೆಗೆ ಸೇರುವ ಬಗೆ

ಹೆಣಿಗೆ ಬಟ್ಟೆಯಲ್ಲಿ ಬರಿಯ ಇಲಾಸ್ಟೇನ್ ಎಳೆಯನ್ನು ಹತ್ತಿ ನೂಲಿನ ಜೊತೆ ಒಟ್ಟಿಗೆ ಹೆಣೆಯುತ್ತಾರೆ. ನೇಯ್ದ ಬಟ್ಟೆಗೆ, ಅದರಲ್ಲೂ ಜೀನ್ಸ್‌ಗೆ, ಎಳೆದು ಹಿಡಿದ ಇಲಾಸ್ಟೇನ್ ಸುತ್ತ ಹತ್ತಿ ಸುತ್ತಿಸಿದ ಕೋರ್ ಸ್ಪನ್ ನೂಲು ಬೇಕು. ಕಾಲುಚೀಲದ ಬಾಯಿಗೆ, ಎಲಾಸ್ಟಿಕ್ ಪಟ್ಟಿಗೆ ನೈಲಾನ್ ಸುತ್ತಿದ ಕವರ್ಡ್ ನೂಲು ಬಳಸುತ್ತಾರೆ.

ಪ್ರಮಾಣ ಎಷ್ಟು? ಜೀನ್ಸ್‌ಗೆ ಶೇ. 1ರಿಂದ 3, ಸ್ಟ್ರೆಚ್ ಬ್ಲೌಸ್ ಬಟ್ಟೆಗೆ 3ರಿಂದ 5, ಹತ್ತಿಯ ಲೆಗ್ಗಿಂಗ್ಸ್‌ಗೆ ಸಾಮಾನ್ಯವಾಗಿ 5, ಈಜುಡುಗೆಗೆ 15ರಿಂದ 20. ಶೇಕಡ ಜಾಸ್ತಿ ಇದ್ದರೆ ಬಟ್ಟೆ ಒಳ್ಳೆಯದು ಎಂದು ತಿಳಿಯಬೇಡಿ. ಶೇ. 2 ಇಲಾಸ್ಟೇನ್ ಇರುವ ಒಳ್ಳೆಯ ಜೀನ್ಸ್, ಶೇ. 5 ಇರುವ ಕಳಪೆ ಜೀನ್ಸ್‌ಗಿಂತ ಚೆನ್ನಾಗಿ ಮರಳಬಹುದು.

ಹಿಗ್ಗುವ ಬಟ್ಟೆ ಎಲ್ಲಿ ಬೇಡ ಎಂಬುದಕ್ಕೂ ಒಂದು ಉದಾಹರಣೆ ಬರೆದುಕೊಳ್ಳಿ. ಮಳೆಗಾಲದಲ್ಲಿ ಕಾಫಿ ತೋಟಕ್ಕೆ, ಕಾಡಿಗೆ ಹೋಗುವವರು ಹಾಕುವ ಜಿಗಣೆ ಕಾಲುಚೀಲವನ್ನು ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಿಂದ ಹೊಲಿದು, ಮೊಣಕಾಲಿನ ಕೆಳಗೆ ದಾರದಿಂದ ಬಿಗಿಯುತ್ತಾರೆ. ಹೆಣಿಗೆಯ ಸ್ಟ್ರೆಚ್ ಚೀಲ ಮೀನಖಂಡದ ಮೇಲೆ ಹಿಗ್ಗಿದಾಗ ಕುಣಿಕೆಗಳು ತೆರೆದುಕೊಳ್ಳುತ್ತವೆ, ಸಣ್ಣ ಜಿಗಣೆಗೆ ಅಷ್ಟೇ ಸಾಕು.

ಕೊಳ್ಳುವ ಮೊದಲು ಅಳೆಯಿರಿ

ಬಟ್ಟೆಯ ಅಡ್ಡಕ್ಕೆ 10 ಸೆಂ.ಮೀ. ಗುರುತು ಮಾಡಿ. ಸಹಜವಾಗಿ ಎಷ್ಟು ಎಳೆಯುತ್ತದೋ ಅಷ್ಟೇ ಎಳೆದು ಸ್ಕೇಲಿಗೆ ಹಿಡಿಯಿರಿ. 15 ಸೆಂ.ಮೀ. ಬಂದರೆ ಹಿಗ್ಗು ಶೇ. 50. ಉದ್ದಕ್ಕೂ ಹೀಗೆಯೇ ಅಳೆಯಬೇಕು. ಎರಡೂ ಕಡೆ ಹಿಗ್ಗಿದರೆ ‘ಫೋರ್ ವೇ’, ಒಂದೇ ಕಡೆಯಾದರೆ ‘ಟೂ ವೇ’.

ಇಷ್ಟಕ್ಕೇ ನಿಲ್ಲಿಸಬೇಡಿ, ನಿಜವಾದ ಪರೀಕ್ಷೆ ಇನ್ನು ಮುಂದಿದೆ. ತುಂಡು ಮನೆಗೆ ತಂದ ಮೇಲೆ ಅದೇ 10 ಸೆಂ.ಮೀ.ಯನ್ನು 13ಕ್ಕೆ ಎಳೆದು ಹಲಗೆಯ ಮೇಲೆ ಪಿನ್ ಚುಚ್ಚಿ ಅರ್ಧ ಗಂಟೆ ಬಿಡಿ. ಪಿನ್ ತೆಗೆದು ಇನ್ನರ್ಧ ಗಂಟೆ ಕಳೆದ ಮೇಲೆ ಅಳೆಯಿರಿ. 10.3 ಇದ್ದರೆ ಉಳಿದ ಹಿಗ್ಗು ಶೇ. 3, ಪ್ಯಾಂಟಿಗೆ ಇಷ್ಟರೊಳಗೆ ಇರುವುದು ಒಳ್ಳೆಯದು. 10.6, 10.7 ಬಂದರೆ ಆ ಬಟ್ಟೆಯ ಮೊಣಕಾಲು, ಸೀಟು ಉಬ್ಬಿಕೊಂಡೇ ಉಳಿಯುತ್ತದೆ. ಟೇಲರ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಬಟ್ಟೆಯ ದೋಷ. ಅದನ್ನು ಮೊದಲೇ ತೋರಿಸಿಕೊಡುವುದು ಈ ಪರೀಕ್ಷೆ.

ಕಟಿಂಗ್

ತಾನಿನಲ್ಲಿ ಬಿಗಿಯಾಗಿ ಸುತ್ತಿದ ಬಟ್ಟೆ ಎಳೆದ ಸ್ಥಿತಿಯಲ್ಲಿಯೇ ಇರುತ್ತದೆ. ತಂದ ಕೂಡಲೇ ಕತ್ತರಿಸಿದರೆ ತುಂಡುಗಳು ಮೇಜಿನ ಮೇಲೆಯೇ ಕುಗ್ಗುತ್ತವೆ, ಎಡತೋಳು ಬಲತೋಳು ಒಂದೇ ಅಳತೆಗೆ ಬರುವುದಿಲ್ಲ. ಬಿಚ್ಚಿ, ಸಡಿಲವಾಗಿ ಮಡಚಿ 24 ಗಂಟೆ ಇಡಿ. ಹತ್ತಿ ಜಾಸ್ತಿ ಇದ್ದರೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಕತ್ತರಿಸುವಾಗ ಬಟ್ಟೆಯ ಒಂದು ಭಾಗ ಮೇಜಿನಿಂದ ಕೆಳಗೆ ಜೋತಾಡಬಾರದು, ಆ ಭಾರವೇ ಎಳೆಯುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತಳತೆಗೆ ಬರಬೇಕು.

ಮೈಗೆ ಅಂಟುವ ಹೆಣಿಗೆ ಉಡುಪನ್ನು ಮೈ ಅಳತೆಗಿಂತ ಕಡಿಮೆ ಕತ್ತರಿಸುತ್ತಾರೆ. ಎದೆ 90 ಸೆಂ.ಮೀ., ಬಟ್ಟೆ ಶೇ. 50 ಹಿಗ್ಗುವಂಥದ್ದು, ಶೇ. 10 ಕಡಿತ ಎಂದಿಟ್ಟುಕೊಂಡರೆ ಉಡುಪಿನ ಅಳತೆ 81. ನೇಯ್ದ ಸ್ಟ್ರೆಚ್ ಬಟ್ಟೆಗೆ ಈ ಲೆಕ್ಕ ಹಾಕಬೇಡಿ. ಅದು ಶೇ. 15, 20 ಹಿಗ್ಗಿದರೆ ಹೆಚ್ಚು; ಅಲ್ಲಿ ಸಡಿಲವನ್ನು ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ.

ಕೊಡವ ಸೀರೆಗೆ ತೊಡುವ ಉದ್ದ ತೋಳಿನ ಬ್ಲೌಸ್‌ಗೆ ಸ್ಟ್ರೆಚ್ ಬಟ್ಟೆ ತುಂಬ ಹೊಂದುತ್ತದೆ. ಸೀರೆಯ ತುದಿ ಬಲಭುಜದ ಮೇಲೆ ಪಿನ್ನಿನಲ್ಲಿ ನಿಂತಿರುವುದರಿಂದ ಕೈ ಎತ್ತಿದಾಗ ಭುಜ, ಮೊಣಕೈ ಎರಡೂ ಕಡೆ ಎಳೆತ ಬೀಳುತ್ತದೆ. ಆದರೆ ಒಳಗೆ ಸಾದಾ ಹತ್ತಿಯ ಲೈನಿಂಗ್ ಕೊಟ್ಟರೆ ಹೊರಗಿನ ಹಿಗ್ಗು ಅಲ್ಲೇ ಸತ್ತುಹೋಗುತ್ತದೆ. ಲೈನಿಂಗ್ ಕೂಡ ಅಷ್ಟೇ ಹಿಗ್ಗಬೇಕು, ಇಲ್ಲವೇ ತೋಳಿಗೆ ಲೈನಿಂಗ್ ಬಿಡಬೇಕು.

ಹೊಲಿಗೆ: ತಪ್ಪು ಹೆಚ್ಚಾಗುವ ಜಾಗ

ಸಾದಾ ಚೂಪು ಸೂಜಿ ಇಲಾಸ್ಟೇನ್ ಎಳೆಯನ್ನು ಚುಚ್ಚಿ ಕಡಿಯುತ್ತದೆ. ಕಡಿದ ಎಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಲಿಗೆಯನ್ನು ಹಿಗ್ಗಿಸಿ ಹತ್ತಿರದಿಂದ ನೋಡಿದರೆ ಸೂಜಿ ಬಿದ್ದಲ್ಲೆಲ್ಲ ಕೂದಲಿನಷ್ಟು ಸಪೂರದ ಬಿಳಿ ತುದಿಗಳು ಮೇಲೆದ್ದಿರುತ್ತವೆ. ಹೊಸತರಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಲವು ಒಗೆತದ ಮೇಲೆ ಹೊಲಿಗೆಯ ಪಕ್ಕದ ಪಟ್ಟಿ ಸಡಿಲಾಗಿ ಅಲೆಯಲೆಯಾಗುತ್ತದೆ. ಹೆಣಿಗೆ ಬಟ್ಟೆಗೆ 75/11 ಅಳತೆಯ, ತುದಿ ದುಂಡಗಿರುವ ಬಾಲ್ ಪಾಯಿಂಟ್, ಇಲಾಸ್ಟೇನ್ ಹೆಚ್ಚಿದ್ದರೆ ಅದೇ ಅಳತೆಯ ಸ್ಟ್ರೆಚ್ ಸೂಜಿ, ದಪ್ಪ ಬಟ್ಟೆಗೆ 90/14 ಹಾಕಿ.

ಹೊಲಿಗೆ ನಡುನಡುವೆ ತಪ್ಪಿದರೆ ಟೆನ್ಷನ್ (ದಾರದ ಬಿಗಿ) ತಿರುಗಿಸಲು ಹೋಗಬೇಡಿ. ಬಟ್ಟೆ ಸೂಜಿಯ ಜೊತೆಗೇ ಕೆಳಗಿಳಿದು ಮೇಲೆ ಬರುವುದರಿಂದ ದಾರದ ಕುಣಿಕೆ ಮೂಡುವುದಿಲ್ಲ, ಅದನ್ನು ಕೆಳಗಿನ ದಾರಕ್ಕೆ ಸೇರಿಸುವ ಹುಕ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಸ್ಟ್ರೆಚ್ ಸೂಜಿಯ ಹಿಂಬದಿಯಲ್ಲಿ ಆಳವಾದ ತಗ್ಗು ಇರುವುದೇ ಹುಕ್ ಇನ್ನಷ್ಟು ಹತ್ತಿರ ಬರಲಿ ಎಂದು. ಮೊದಲು ಸೂಜಿ ಬದಲಿಸಿ.

ದಾರ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರದ ನೇರ ಹೊಲಿಗೆ ಬಟ್ಟೆ ಹಿಗ್ಗಿದ ಕೂಡಲೇ ಪಟಪಟನೆ ಕಿತ್ತುಹೋಗುತ್ತದೆ. ಜಿಗ್‌ಜಾಗ್ ಇದ್ದರೆ ಉದ್ದ 2.5 ಮಿ.ಮೀ., ಅಗಲ 0.5ರಿಂದ 1. ಓವರ್‌ಲಾಕ್‌ನಲ್ಲಿ ನಾಲ್ಕು ದಾರ, ಡಿಫರೆನ್ಷಿಯಲ್ ಫೀಡ್ (ಮುಂದಿನ, ಹಿಂದಿನ ಹಲ್ಲುಗಳು ಬಟ್ಟೆ ಸಾಗಿಸುವ ವೇಗದ ಅನುಪಾತ) 1.3ರಿಂದ ಶುರುಮಾಡಿ. ಅಂಚು ಅಲೆಯಾಗಿ ಬಂದರೆ ಅದನ್ನು ಹೆಚ್ಚಿಸಿ, ನೆರಿಗೆ ಬಂದರೆ ಕಡಿಮೆ ಮಾಡಿ. ಮನೆಯಲ್ಲಿ ಕಾಲು ತುಳಿಯುವ ಮೆಷಿನ್ ಮಾತ್ರ ಇದ್ದವರು ಹೊಲಿಗೆಯ ಉದ್ದ 2 ಮಿ.ಮೀ.ಗೆ ಇಳಿಸಿ, ಮೇಲಿನ ಟೆನ್ಷನ್ ಸ್ವಲ್ಪ ಸಡಿಲಿಸಿ, ಎರಡೂ ಕೈಯಲ್ಲಿ ಬಟ್ಟೆಯನ್ನು ಅತಿ ಸ್ವಲ್ಪ ಬಿಗಿ ಹಿಡಿದು ಹೊಲಿಯಿರಿ. ಭುಜಕ್ಕೆ, ತೋಳಿನ ಪಕ್ಕದ ಹೊಲಿಗೆಗೆ ಇದು ಸಾಕು. ಕುತ್ತಿಗೆ, ಸೊಂಟ, ತಲೆ ತೂರುವ ಜಾಗಕ್ಕೆ ಸಾಲದು.

ಎಲಾಸ್ಟಿಕ್ ಪಟ್ಟಿಯಲ್ಲಿ ಜಡೆಯಂತೆ ಹೆಣೆದದ್ದು (ಬ್ರೇಡೆಡ್) ಎಳೆದಾಗ ಅಗಲ ಕಡಿಮೆಯಾಗುತ್ತದೆ, ಸೂಜಿ ಚುಚ್ಚಿದರೆ ಬಲ ಕಳೆದುಕೊಳ್ಳುತ್ತದೆ; ಅದು ಕೊಳವೆಯಂಥ ಮಡಿಕೆಯೊಳಗೆ ತೂರಿಸಲು ಮಾತ್ರ. ನೇರ ಹೊಲಿಯುವುದಾದರೆ ಹೆಣಿಗೆ ಅಥವಾ ನೇಯ್ಗೆಯ ಪಟ್ಟಿ ತನ್ನಿ. ಸೊಂಟ 76 ಸೆಂ.ಮೀ. ಇದ್ದರೆ ಶೇ. 10 ಕಳೆದು 68.4, ಜೋಡಣೆಗೆ 2.5 ಸೇರಿಸಿ ಸುಮಾರು 71ಕ್ಕೆ ಕತ್ತರಿಸಿ.

ಬಿಸಿಯ ಲೆಕ್ಕ

ಮಿಲ್ಲಿನಲ್ಲಿ ಈ ಬಟ್ಟೆಯನ್ನು ಸುಮಾರು 180ರಿಂದ 195 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಒಂದು ನಿಮಿಷ ಹೀಟ್ ಸೆಟ್ ಮಾಡಿ ಅಗಲ ನಿಲ್ಲಿಸುತ್ತಾರೆ. ಬಿಸಿ ಸಾಲದಿದ್ದರೆ ಅಂಚು ಸುರುಳಿಯಾಗುತ್ತದೆ, ಒಗೆದಾಗ ಕುಗ್ಗುತ್ತದೆ. ಹೆಚ್ಚಾದರೆ ಶಕ್ತಿ ಹೋಗಿ ಹಳದಿಯಾಗುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯ ಹತ್ತಿಯ ಗುರುತು 200 ಡಿಗ್ರಿ. ‘ಶೇ. 95 ಹತ್ತಿ ತಾನೇ’ ಎಂದು ಅಲ್ಲಿಗೆ ತಿರುಗಿಸಿದರೆ ಮಿಲ್ಲಿನಲ್ಲಿ ನಿಮಿಷದೊಳಗೆ ನಿಲ್ಲಿಸಿದ ಕೆಲಸವನ್ನು ಮನೆಯಲ್ಲಿ ಅಂಕೆಯಿಲ್ಲದೆ ಮುಂದುವರಿಸಿದಂತೆ. ಹತ್ತಿ ಬೆರೆತದ್ದಕ್ಕೆ ಇಸ್ತ್ರಿಪೆಟ್ಟಿಗೆಯ ಎರಡು ಚುಕ್ಕೆಯ ಗುರುತು, ಅಂದರೆ 150 ಡಿಗ್ರಿ, ದಾಟಬಾರದು. ನೈಲಾನ್ ಬೆರೆತದ್ದಕ್ಕೆ ಒಂದು ಚುಕ್ಕೆ, 110. ಇಸ್ತ್ರಿಯನ್ನು ಒತ್ತಿ ಎತ್ತಬೇಕು, ಎಳೆಯಬಾರದು.

ಒಗೆತ ಮತ್ತು ನಮ್ಮ ಮಳೆ

30ರಿಂದ 40 ಡಿಗ್ರಿಯ ನೀರು, ಸೌಮ್ಯ ಪುಡಿ. ಕ್ಲೋರಿನ್ ಬ್ಲೀಚ್ ಬೇಡವೇ ಬೇಡ, ಬಿಳಿ ಬಟ್ಟೆಗೂ ಬೇಡ. ಬಿಳುಪಾಗುವ ಬದಲು ಹಳದಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಈಜುಕೊಳದಿಂದ ಬಂದ ಉಡುಪನ್ನು ತಕ್ಷಣ ಸಿಹಿನೀರಿನಲ್ಲಿ ಜಾಲಿಸಬೇಕು. ಹಾಕಿ ಆಟಗಾರರ ಜೆರ್ಸಿ, ಟ್ರ್ಯಾಕ್ ಪ್ಯಾಂಟಿಗೆ ಸುವಾಸನೆಯ ಸಾಫ್ಟ್‌ನರ್ ಹಾಕಬೇಡಿ. ನಾರಿನ ಮೇಲೆ ಪದರ ಕಟ್ಟಿ ಬೆವರು ಹೊರಗೆ ಹೋಗುವುದು ಕಡಿಮೆಯಾಗುತ್ತದೆ.

ಕೊಡಗಿನಲ್ಲಿ ಕಷ್ಟ ಒಣಗಿಸುವುದರಲ್ಲಿದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜೂನ್‌ನಿಂದ ಬಟ್ಟೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಆದ್ದರಿಂದ ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟುತ್ತಾರೆ. ಸಾದಾ ಹತ್ತಿಗೆ ಸರಿ, ಇಲಾಸ್ಟೇನ್‌ಗೆ ಎರಡು ತೊಂದರೆ. ಕೆಂಡದ ನೇರ ಬಿಸಿ ಒಂದು. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಇನ್ನೊಂದು. ಅದು ತಾಗಿದರೆ ತಿಳಿಬಣ್ಣದ ಸ್ಟ್ರೆಚ್ ಬಟ್ಟೆಗೆ ಹಳದಿ ತಿರುಗುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೆಷಿನ್‌ನಲ್ಲಿ ಸ್ಪಿನ್ ಮಾಡಿ ಅಥವಾ ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ, ಹಿಂಡಬೇಡಿ. ಆಮೇಲೆ ಹೊಗೆಯಿಲ್ಲದ ಕೋಣೆಯಲ್ಲಿ ಚಪ್ಪಟೆಯಾಗಿ ಹರಡಿ ಫ್ಯಾನ್ ಹಾಕಿ. ಒದ್ದೆಯಾಗಿ ನೇತುಹಾಕಿದರೆ ಹತ್ತಿ ಹೀರಿದ ನೀರಿನ ಭಾರಕ್ಕೆ ಭುಜ ಇಳಿಯುತ್ತದೆ. ಬೂಷ್ಟು ಹಿಡಿಯುವುದು ಹೆಚ್ಚಾಗಿ ಹತ್ತಿಗೆ, ಆದ್ದರಿಂದ ಪೂರ್ತಿ ಒಣಗುವ ಮೊದಲು ಕಪಾಟಿಗೆ ಸೇರಿಸಬಾರದು.

ಬಟ್ಟೆಯೊಳಗೆ ಹೆಣೆದ ಇಲಾಸ್ಟೇನ್ ಒಮ್ಮೆ ಕಡಿದುಹೋದರೆ ಸರಿಮಾಡುವ ದಾರಿಯಿಲ್ಲ. ಸೊಂಟದ ಎಲಾಸ್ಟಿಕ್ ಹಾಗಲ್ಲ, ಬದಲಿಸಬಹುದು. ಅದಕ್ಕಾಗಿ ಹೊಲಿಯುವಾಗಲೇ ಮಡಿಕೆಯ ಒಳಬದಿಯಲ್ಲಿ, ಹಿಂಭಾಗದ ನಡುವೆ 3 ಸೆಂ.ಮೀ.ಯಷ್ಟು ಭಾಗವನ್ನು ಕೈಹೊಲಿಗೆಯಲ್ಲಿ ಮುಚ್ಚಿ. ಪಟ್ಟಿ ಸಡಿಲಾದಾಗ ಅಷ್ಟನ್ನೇ ಬಿಚ್ಚಿ, ಹಳೆಯದರ ತುದಿಗೆ ಹೊಸದನ್ನು ಪಿನ್ ಮಾಡಿ ಎಳೆದರೆ ಹೊಸ ಪಟ್ಟಿ ಒಳಗೆ ಬಂದುಬಿಡುತ್ತದೆ.